ಮಾನ್ಯ ಹದಿನೈದು ಮಿಲಿಮೀಟರ್ ಅವರ ಸನ್ನಿಧಿಗೆ

ಬಾಲಾನಗರ, ಹೈದರಾಬಾದ್
26 ಫೆಬ್ರವರಿ 2007

ಗೆ,
ಶ್ರೀಮಾನ್ ಹದಿನೈದು ಮಿಲಿಮೀಟರ್ ಅವರು,
ಆಫ್‌ಸೆಟ್ ಸಂಖ್ಯೆ,
ಅಲಾಯ್ ರಿಮ್ಮಿನ ಒಳಮೈ, ಹೊರಗಿನವರಿಗೆ ಕಾಣದ ಜಾಗ.

ಮಾನ್ಯರೇ,

ತಮಗೂ, ತಮ್ಮ ಜೊತೆಗೇ ಒಂದೇ ಅಚ್ಚಿನಲ್ಲಿ ಹುಟ್ಟಿದ ತಮ್ಮ ಮೂವರು ಸಹೋದರರಿಗೂ ನನ್ನ ಸವಿನಯ ವಂದನೆಗಳು. ಒಂದು ಸಂಖ್ಯೆಗೆ ಬಹಿರಂಗ ಪತ್ರ ಬರೆಯುವುದು ವಾಡಿಕೆಯಲ್ಲವೆಂಬುದು ನನಗೆ ಗೊತ್ತು. ಆದರೆ ದೂರನ್ನು ಮನುಷ್ಯರ ಮುಂದೆ ಇಟ್ಟರೆ ಅವರು ಇನ್ನೊಬ್ಬರ ಹೆಸರು ಹೇಳುತ್ತಾರೆ. ತಾವಾದರೋ ಲೋಹದಲ್ಲಿ ಅಚ್ಚಾಗಿ ಕುಳಿತವರು, ನಿನ್ನೆ ಒಂದು ಇಂದು ಒಂದು ಹೇಳುವವರಲ್ಲ. ಆ ಧೈರ್ಯದಿಂದಲೇ ಈ ಬಿನ್ನಹ.

ಮೊದಲು ನನ್ನ ಪರಿಚಯ. ನಾನು ಸಿದ್ದರಾಮಪ್ಪ, ಸುರಪುರದವನು. ಬಾಲಾನಗರದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ಸಿದ್ಧವಾದ ಬಿಡಿಭಾಗಗಳನ್ನು ವರ್ನಿಯರ್‌ನಲ್ಲಿ ಅಳೆದು, ಅಳತೆ ಕೂದಲೆಳೆಯಷ್ಟು ತಪ್ಪಿದ್ದರೂ ‘ತಿರಸ್ಕೃತ’ ಎಂಬ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದು ನನ್ನ ಉದ್ಯೋಗ. ನನ್ನ ಕೆಂಪು ಚೀಟಿಗೆ ಹೆದರದ ಟರ್ನರ್ ನಮ್ಮ ಕಾರ್ಖಾನೆಯಲ್ಲಿಲ್ಲ. ಇಂಥ ಮನುಷ್ಯನ ಕಾರಿಗೆ ತಾವು ನಾಲ್ಕೂ ಕಡೆಯಿಂದ ಸೇರಿಕೊಂಡಿರಿ ಎಂಬುದೇ ತಮ್ಮ ಮಹಿಮೆಗೆ ಸಾಕಷ್ಟು ಸಾಕ್ಷಿ.

ತಮ್ಮ ಆಗಮನದ ಹಿನ್ನೆಲೆ ಇಷ್ಟು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷಗಳಿಂದ ಸಾಫ್ಟ್‌ವೇರ್‌ನವರು ತುಂಬಿಕೊಂಡಿದ್ದಾರೆ. ಕೆಳಗೆ ನಿಲ್ಲುವ ಕಾರುಗಳು ವಾರಕ್ಕೊಂದರಂತೆ ಹೊಸದಾಗುತ್ತವೆ. ಹೊಸದಾಗದವು ಹೊಸ ಚಕ್ರಗಳನ್ನಾದರೂ ತೊಟ್ಟು ಬರುತ್ತವೆ. ಪಕ್ಕದ ಮನೆಯ ಪ್ರಜ್ವಲ, ಮೈಸೂರಿನ ಹುಡುಗ, ಮಾಧಾಪುರದಲ್ಲಿ ಕೆಲಸ, ಒಂದು ಬೆಳಿಗ್ಗೆ ನನ್ನ ಪುಟ್ಟ ಕಾರನ್ನು ಕರುಣೆಯಿಂದ ನೋಡಿ, ‘ಅಂಕಲ್, ಈ ಸಣ್ಣ ಟೈರ್ ನೋಡಿದ್ರೆ ನಿಮ್ ಕಾರು ಚಪ್ಪಲಿ ಹಾಕ್ದೆ ಆಫೀಸಿಗೆ ಹೊರಟಂಗಿದೆ’ ಎಂದ. ಐದು ವರ್ಷ ಯಾವ ಅವಮಾನವೂ ಇಲ್ಲದೆ ಓಡಾಡಿದ ಕಾರು ಆ ಕ್ಷಣದಿಂದ ನನ್ನ ಕಣ್ಣಿಗೆ ಬರಿಗಾಲಿನದಾಗಿ ಕಂಡಿತು.

ಜನವರಿ ಏಳರ ಭಾನುವಾರ ಅಲಾಯ್ ಚಕ್ರ ಮಾರುವ ಒಂದು ಅಂಗಡಿಗೆ ಹೋದೆ. ಹೆಸರು ಬೇಡ, ಚಕ್ರ ಜೋಡಿಸುವವನ ಹೆಸರು ಮಾತ್ರ ಹೇಳುತ್ತೇನೆ, ಬೂದೆಪ್ಪ. ‘ಈ ಚಕ್ರ ಈ ಕಾರಿಗೆ ಸರಿಹೊಂದುತ್ತದೆಯೇ’ ಎಂದು ನಾನು ಹಿಂದಿಯಲ್ಲಿ ಕೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು, ‘ಯಾವೂರ್ರಿ ಸರ ನಿಮ್ದು? ಹಿಂದಿ ನಮ್ಮ ಕಡೀದು ಬಂದಂಗ ಬರಾಕತ್ತೈತಿ’ ಎಂದ. ಅವನು ಶಹಾಪುರದವನು. ಸುರಪುರಕ್ಕೂ ಶಹಾಪುರಕ್ಕೂ ಎಷ್ಟು ಕಡಿಮೆ ದೂರವೆಂದು ಬಲ್ಲವರು, ಈ ನಗರದಲ್ಲಿ ಹಾಗೆ ಇಬ್ಬರು ಎದುರಾದರೆ ಮುಂದೆ ಏನಾಗುತ್ತದೆ ಎಂದೂ ಬಲ್ಲರು. ಚಹಾ ಬಂತು. ಇಬ್ಬರಿಗೂ ಗೊತ್ತಿದ್ದ ಒಬ್ಬ ಮಾಸ್ತರರು ಸಿಕ್ಕರು. ಅದಾದ ಮೇಲೆ ಬೂದೆಪ್ಪ ನಾಲ್ಕೂ ಚಕ್ರ ಜೋಡಿಸಿ, ಖಾಲಿ ಕಾರಿನ ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ, ‘ನಾಕ್ ಬಟ್ಟ ಜಾಗ ಐತ್ರಿ. ಏನಂದ್ರ ಏನೂ ಹತ್ತಂಗಿಲ್ಲ’ ಎಂದು ತೀರ್ಪು ಕೊಟ್ಟ.

ವರ್ನಿಯರ್ ನನ್ನ ಕಾರಿನಲ್ಲೇ ಇತ್ತು, ಮಾನ್ಯರೇ, ಕೈಗೆ ಎಟಕುವಷ್ಟು ಹತ್ತಿರ. ಆದರೆ ಊರ ಕಡೆಯವನು ಬೆರಳಿನಲ್ಲಿ ಅಳೆದು ಹೇಳಿದ ಮೇಲೆ ನಾನು ವರ್ನಿಯರ್ ತೆಗೆಯುವುದೆಂದರೆ, ಅವನ ಮನೆಯಲ್ಲಿ ನೀರು ಕೇಳಿ ಕುಡಿಯುವ ಮುನ್ನ ಲೋಟವನ್ನು ಮೂಸಿ ನೋಡಿದಂತೆ. ಅಷ್ಟು ಮರ್ಯಾದೆಗೆಟ್ಟವನು ನಾನಲ್ಲ. ಜೋಡಿಸುವ ಮುನ್ನ ರಿಮ್ ತಿರುಗಿಸಿ ಒಳಮೈ ನೋಡಿದ್ದರೂ ತಮ್ಮ ದರ್ಶನವಾಗುತ್ತಿತ್ತು. ಅದನ್ನೂ ಮಾಡಲಿಲ್ಲ.

ಈಗ ಓದುಗರಿಗಾಗಿ ತಮ್ಮ ಅಧಿಕಾರದ ವ್ಯಾಪ್ತಿಯನ್ನು ಎರಡು ಮಾತಿನಲ್ಲಿ ವಿವರಿಸಲು ಅಪ್ಪಣೆ ಬೇಡುತ್ತೇನೆ. ಚಕ್ರದ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಆ ಗೆರೆಗೂ ಚಕ್ರವು ಕಾರಿಗೆ ಅಂಟಿ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಅದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. ನನ್ನ ಕಾರನ್ನು ಮಾಡಿದವರು ಏನೂ ತಿಳಿಯದೆ ನಲವತ್ತು ಮಿಲಿಮೀಟರ್ ಇಟ್ಟಿದ್ದರು. ತಾವು ಹದಿನೈದು. ಅಲ್ಲಿಗೆ ಇಪ್ಪತ್ತೈದು ಹೊರಗೆ ಬಂತು. ಹಳೆಯ ರಿಮ್ ಐದು ಇಂಚು ಅಗಲ, ತಮ್ಮದು ಆರು. ಆ ಹೆಚ್ಚಿನ ಇಂಚಿನಲ್ಲಿ ಅರ್ಧ ಇನ್ನಷ್ಟು ಹೊರಗೆ. ಒಟ್ಟು ಮೂವತ್ತೆಂಟು ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ಕಾರಿನ ಎರಡೂ ಕಡೆ ಇಷ್ಟಿಷ್ಟು ಜಾಗವನ್ನು ರಸ್ತೆಯಿಂದ ಗಿಟ್ಟಿಸಿಕೊಟ್ಟ ತಮ್ಮನ್ನು, ಭೂಮಿಗಾಗಿ ಇಷ್ಟು ಹೊಡೆದಾಟ ನಡೆಯುತ್ತಿರುವ ಈ ನಗರದಲ್ಲಿ ಯಾರೂ ಸನ್ಮಾನಿಸದಿರುವುದು ಆಶ್ಚರ್ಯ.

ಮೂರು ವಾರ ನಾನೂ ನನ್ನ ಹೆಂಡತಿ ಅಹಲ್ಯಾಳೂ ತಮ್ಮ ಮೇಲೆ ಸುಖವಾಗಿ ಓಡಾಡಿದೆವು. ವಾಚ್‌ಮನ್ ಎರಡು ಸಲ ಸಲಾಂ ಹೊಡೆದ. ಜನವರಿ ಇಪ್ಪತ್ತೆಂಟರಂದು ನಾಂಪಲ್ಲಿಯ ವಾರ್ಷಿಕ ವಸ್ತುಪ್ರದರ್ಶನಕ್ಕೆ ಹೋಗುವುದೆಂದು ದಿಲ್‌ಸುಖ್‌ನಗರಕ್ಕೆ ಹೋಗಿ ನನ್ನ ಅಕ್ಕನನ್ನು ಹತ್ತಿಸಿಕೊಂಡೆ.

ಅಕ್ಕ ಗದಿಗೆಮ್ಮ ಯಾರೆಂದು ತಮಗೆ ತಿಳಿದಿರಬೇಕು. ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು; ಸಾಕಿದವಳು ಇವಳು. ದಿಲ್‌ಸುಖ್‌ನಗರದಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟು ನನ್ನನ್ನು ಐ.ಟಿ.ಐ. ಓದಿಸಿದಳು. ಈಗಲೂ ಕೋಚಿಂಗಿಗೆಂದು ಬಂದ ನಮ್ಮ ಕಡೆಯ ಹುಡುಗರಿಗೆ ರೊಟ್ಟಿ ಬಡಿದು ಹಾಕುತ್ತಾಳೆ. ಅವಳ ತೂಕ ಎಂಬತ್ತೆರಡು ಕಿಲೋ. ಈ ಸಂಖ್ಯೆಯನ್ನು ಕೊಡಬೇಕಾಗಿ ಬಂದದ್ದಕ್ಕೆ ಅವಳ ಕ್ಷಮೆ ಕೇಳುತ್ತೇನೆ, ತಮ್ಮದಲ್ಲ.

ಹಿಂದಿನ ಸೀಟಿನಲ್ಲಿ ಅಕ್ಕ ಮತ್ತು ನನ್ನ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಅವಳ ಓಣಿಯ ಮೊದಲನೇ ರಸ್ತೆಯುಬ್ಬು ಹತ್ತುತ್ತಿದ್ದಂತೆ ಕಾರಿನ ಹಿಂಭಾಗ ತಗ್ಗಿ, ಟೈರು ಮಡ್‌ಗಾರ್ಡಿಗೆ ಉಜ್ಜಿ, ತಗಡು ಹರಿದಂಥ ಸದ್ದಿನೊಂದಿಗೆ ರಬ್ಬರಿನ ವಾಸನೆ ಬಂತು. ನಾನು ಇಳಿದು ನೋಡಿ, ‘ಅಕ್ಕಾ, ಇದೊಂದು ಉಬ್ಬು ದಾಟೂ ತನಕ ಇಳೀತಿ ಏನು?’ ಎಂದೆ. ಅಕ್ಕ ನಗುತ್ತಾ ಇಳಿದಳು. ಎರಡನೇ ಉಬ್ಬಿನಲ್ಲಿ ನಗದೆ ಇಳಿದಳು. ಮೂರನೆಯದು ಅವಳ ಖಾನಾವಳಿಯ ಹುಡುಗರು ಚಹಾ ಕುಡಿಯುವ ಅಂಗಡಿಯ ಎದುರಿಗಿತ್ತು. ಅವರೆಲ್ಲ ಎದ್ದು ನಿಂತು ನೋಡಿದರು. ಅಕ್ಕ ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ, ‘ಸಣ್ಣಾಂವ ಇದ್ದಾಗ ಹೆಗಲ ಮ್ಯಾಲ ಹೊತ್ತು ಸಾಲಿಗೆ ಕರಕೊಂಡು ಹೋಗೀನಿ. ಯಾವ ದಿನ್ನೀ ಬಂತಂತ ನಾ ನಿನ್ನ ಕೆಳಗ ಇಳಿಸಿದ್ದಿಲ್ಲಲ್ಲೋ ತಮ್ಮಾ’ ಎಂದಳು. ಆಟೋ ಹಿಡಿದು ಮನೆಗೆ ಹೋದಳು. ನಾವು ನಾಂಪಲ್ಲಿಗೆ ಹೋಗಲಿಲ್ಲ.

ಬೂದೆಪ್ಪನಿಗೆ ಫೋನ್ ಮಾಡಿದೆ. ‘ಗಾಡೀದೇನೂ ತಪ್ಪಿಲ್ರಿ ಸರ. ಹಿಂದ ಭಾರ ಇದ್ದವರ್ನ ಕುಂದ್ರಸಬ್ಯಾಡ್ರಿ, ಅಷ್ಟ’ ಎಂದ. ನಾಲ್ಕು ಬಾಗಿಲು, ಐದು ಸೀಟುಗಳ ಕಾರಿಗೆ ಇಷ್ಟು ಸರಳವಾದ ಪರಿಹಾರವಿದೆ ಎಂಬುದು ಅದನ್ನು ತಯಾರಿಸಿದವರಿಗೂ ಹೊಳೆದಿರಲಾರದು.

ಅಕ್ಕನ ಕಣ್ಣಿನ ಪೊರೆಯ ಆಪರೇಷನ್ ಫೆಬ್ರವರಿ ಹತ್ತೊಂಬತ್ತಕ್ಕೆ ನಿಗದಿಯಾಗಿತ್ತು. ನಾನು ಕರೆದೊಯ್ಯುತ್ತೇನೆ ಎಂದು ಹೇಳಿಕಳಿಸಿದರೆ, ‘ಬಸ್ಸಿನಾಗ ಯಾರೂ ನನ್ನ ಇಳಿ ಅನ್ನಂಗಿಲ್ಲ’ ಎಂದು ಉತ್ತರ ಬಂತು. ಆಗ ನಾನು ತಮ್ಮಲ್ಲಿ ಮನಸ್ಸಿನಲ್ಲೇ ಬೇಡಿಕೊಂಡದ್ದನ್ನು ಇಲ್ಲಿ ಬರವಣಿಗೆಯಲ್ಲಿ ದಾಖಲಿಸುತ್ತಿದ್ದೇನೆ: ವಾರದ ಆರು ದಿನ ಹದಿನೈದಾಗಿಯೇ ಇದ್ದು, ಅಕ್ಕ ಹತ್ತುವ ದಿನ ಮಾತ್ರ ನಲವತ್ತಾಗುವ ಕೃಪೆ ಮಾಡಬೇಕು, ಅದು ಕಷ್ಟವಾದರೆ ಈ ನಗರದ ಉಬ್ಬುಗಳಿಗೆಲ್ಲ ಸುತ್ತೋಲೆ ಕಳಿಸಿ, ನಮ್ಮ ಕಾರು ಬಂದಾಗ ಅವು ಮಲಗುವಂತೆ ಮಾಡಬೇಕು, ಅದೂ ಆಗದಿದ್ದರೆ ಜನವರಿ ಇಪ್ಪತ್ತೆಂಟರ ಮಧ್ಯಾಹ್ನವನ್ನು ಹಿಂತೆಗೆದುಕೊಳ್ಳಬೇಕು. ಮೂರರಲ್ಲಿ ಒಂದೂ ಮಂಜೂರಾಗಲಿಲ್ಲ.

ಆದ್ದರಿಂದ ಹದಿನೆಂಟನೇ ತಾರೀಖು ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಿ, ಬಾಲ್ಕನಿಯಲ್ಲಿ ಬಟ್ಟೆ ಒಣಗುವ ಹಗ್ಗದ ಕೆಳಗೆ ಬಿದ್ದಿದ್ದ ಹಳೆಯ ಉಕ್ಕಿನ ಚಕ್ರಗಳನ್ನು ಹಾಕಿಸಿದೆ. ಹಿಂದಿನ ಸೀಟಿನಲ್ಲಿ ಪ್ರಜ್ವಲನನ್ನೂ ಅವನ ಇಬ್ಬರು ಗೆಳೆಯರನ್ನೂ ಕೂರಿಸಿ, ಡಿಕ್ಕಿಯಲ್ಲಿ ಒಂದು ಅಕ್ಕಿ ಚೀಲ ಇಟ್ಟು, ಈ ಸಲ ವರ್ನಿಯರ್ ಹಿಡಿದೇ ಅಳೆದೆ. ಇಪ್ಪತ್ತೆಂಟು ಮಿಲಿಮೀಟರ್ ಜಾಗ ಉಳಿದಿತ್ತು. ಈ ಕೆಲಸಕ್ಕೆ ಐದು ನಿಮಿಷ ಹಿಡಿಯಿತು.

ಮರುದಿನ ಬೆಳಿಗ್ಗೆ ಅಕ್ಕನ ಬಾಗಿಲಿಗೆ ಹೋದೆ. ಅವಳು ಹೊರಬಂದು, ಮಸುಕು ಕಣ್ಣನ್ನು ಕಿರಿದು ಮಾಡಿ ಚಕ್ರ ನೋಡಿ, ‘ಈಗ ನಾ ಕುಂತರ ಇದು ಒದರಂಗಿಲ್ಲೇನು?’ ಎಂದು ಕೇಳಿದಳು. ‘ಇಲ್ಲಕ್ಕಾ, ಅಳತಿ ಮಾಡೀನಿ’ ಎಂದೆ. ಅವಳು ಹಿಡಿಯಬೇಕಿದ್ದ ಬಸ್ಸು ತುಂಬಿ ಹೋಗಿತ್ತು. ಕಾರು ಹತ್ತಿದಳು. ಮೊದಲನೇ ಉಬ್ಬು ದಾಟಿತು, ಎರಡನೆಯದು ದಾಟಿತು, ಚಹಾದ ಅಂಗಡಿಯ ಎದುರಿನದೂ ಯಾವ ಸದ್ದಿಲ್ಲದೆ ದಾಟಿತು. ಕನ್ನಡಿಯಲ್ಲಿ ನೋಡಿದೆ. ಪ್ರತಿ ಉಬ್ಬಿಗೂ ಕಾರು ನಿಧಾನವಾಗುತ್ತಿದ್ದಂತೆ ಅಕ್ಕ ಸೆರಗು ಸರಿಮಾಡಿಕೊಂಡು ಬಾಗಿಲಿನ ಹಿಡಿಯ ಮೇಲೆ ಕೈ ಇಡುತ್ತಿದ್ದಳು, ಹೇಳಿಸಿಕೊಳ್ಳುವ ಮುನ್ನವೇ ಇಳಿಯಲು ತಯಾರಾಗಿ. ಆಸ್ಪತ್ರೆಯವರೆಗೆ ಹನ್ನೊಂದು ಉಬ್ಬುಗಳಿವೆ. ಹನ್ನೊಂದು ಸಲ.

ಟೈರಿಗೂ ಮಡ್‌ಗಾರ್ಡಿಗೂ ಎಷ್ಟು ಅಂತರವಿರಬೇಕೆಂದು ನನಗೆ ಈಗ ಚೆನ್ನಾಗಿ ಗೊತ್ತಿದೆ. ಆ ಕೈಗೂ ಆ ಹಿಡಿಗೂ ಎಷ್ಟು ಅಂತರವಿರಬೇಕು, ಅದನ್ನು ಯಾವ ಉಪಕರಣದಿಂದ ಸರಿಮಾಡಬೇಕು ಎಂಬುದನ್ನು ತಾವು ಬಲ್ಲಿರಾದರೆ ದಯವಿಟ್ಟು ತಿಳಿಸಿ. ಪ್ರಾರ್ಥನೆ ಇಷ್ಟೇ.

ಇನ್ನು ಮುಂದೆ ತಮ್ಮಿಂದ ಕನಿಷ್ಠ ಇಪ್ಪತ್ತೈದು ಮಿಲಿಮೀಟರ್ ದೂರದಲ್ಲೇ ಇರಬಯಸುವ,

ತಮ್ಮ ವಿಶ್ವಾಸಿ,
ಸಿದ್ದರಾಮಪ್ಪ
ತಪಾಸಣಾ ವಿಭಾಗ

ತಾ.ಕ.: ಎರಡು ಕೆಂಪು ಚೀಟಿ ಬರೆದಿದ್ದೇನೆ. ಒಂದನ್ನು ತಮಗೆ ಕಟ್ಟಿದ್ದೇನೆ. ಇನ್ನೊಂದರಲ್ಲಿ ನನ್ನ ಹೆಸರಿದೆ, ಅದು ಜೇಬಿನಲ್ಲಿದೆ. ತಮ್ಮ ಸಹೋದರರಲ್ಲಿ ಒಬ್ಬರು ಸದ್ಯ ಅಕ್ಕನ ಖಾನಾವಳಿಯಲ್ಲಿ ಪೀಠವಾಗಿ, ತುಂಬಿದ ಗ್ಯಾಸ್ ಸಿಲಿಂಡರನ್ನು ತಲೆಯ ಮೇಲೆ ಹೊತ್ತು, ಎಲ್ಲಿಯೂ ತಾಗದಂತೆ ನಿಂತಿದ್ದಾರೆ. ಉಳಿದವರನ್ನು ಸೇರಿಸಿ ನಾಲ್ವರನ್ನೂ ಕೊಳ್ಳಲು ಪ್ರಜ್ವಲ ಮುಂದೆ ಬಂದಿದ್ದಾನೆ. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡಿದ್ದ ಅಕ್ಕ ಇನ್ನೊಂದು ಕಣ್ಣಿನಿಂದ, ಚಕ್ರ ಕೇಳಲು ಅಲ್ಲಿಗೆ ಬಂದ ಅವನನ್ನು ಮೇಲಿಂದ ಕೆಳಗೆ ನೋಡಿ, ‘ಒಯ್ಯಲಾಕ ಒಯ್ಯಪಾ. ಮೊದಲ ಮೈಸೂರಿಗೆ ಫೋನ್ ಹಚ್ಚಿ, ನಿಮ್ಮವ್ವ ಎಷ್ಟ್ ಕಿಲೋ ಅದಾಳಂತ ಕೇಳ್ಕೊಂಡ್ ಬಾ’ ಎಂದಿದ್ದಾಳೆ. ಅವನು ಇನ್ನೂ ಕೇಳಿಲ್ಲ.