ಪಕ್ಕದ ಸೀಟಿನ ಬ್ರೇಕು

ಊರಿನ ರಸ್ತೆಗಳಲ್ಲಿ ಓಡಾಡುವ ಕಾರುಗಳಲ್ಲಿ ಅರ್ಧಕ್ಕರ್ಧ ನಮ್ಮ ಡ್ರೈವಿಂಗ್ ಮಾಸ್ತರ ಶಿಷ್ಯರವೇ. ಡಾಕ್ಟರು, ವಕೀಲರು, ಹಾಲಿನ ವ್ಯಾನಿನವನು ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಅವರ ಪಕ್ಕ ಕೂತು ಬೆವರಿಳಿಸಿದವರು. "ಅರ್ಧ ಕ್ಲಚ್ಚು, ಪೂರ್ತಿ ಗಮನ" ಎಂಬ ಅವರ ಮಹಾವಾಕ್ಯದ ಉಪದೇಶ ಪಡೆಯದೆ ಸ್ಟೀರಿಂಗ್ ಹಿಡಿದವರು ಆ ಸುತ್ತಿನಲ್ಲಿ ಕಡಿಮೆ. ಅಂಥ ನತದೃಷ್ಟರಲ್ಲಿ ಒಬ್ಬಾಕೆ ಮಾಸ್ತರ ಮನೆಯಲ್ಲೇ ಇದ್ದಳು. ಅವರ ಹೆಂಡತಿ.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಆಕೆ ಪಾತ್ರೆ ತೊಳೆಯುವಾಗ ಗೊಣಗುತ್ತಿದ್ದಳು. ಗೊಣಗಾಟ ಮಾಸ್ತರಿಗೆ ಕೇಳಿಸುವಷ್ಟು ಜೋರಾಗಿಯೇ ಇರುತ್ತಿತ್ತು.

ಹಾಗಂತ ಮಾಸ್ತರು ಪ್ರಯತ್ನವೇ ಪಟ್ಟಿರಲಿಲ್ಲ ಎನ್ನುವಂತಿಲ್ಲ. ಮದುವೆಯಾದ ಹೊಸದರಲ್ಲಿ, ಹುರುಪು ಹೆಚ್ಚಿದ್ದ ಕಾಲದಲ್ಲಿ, ಒಂದು ಪಾಠ ನಡೆದಿತ್ತು. ಕಾರು ಅಂಗಳದಿಂದ ಗೇಟಿನವರೆಗೆ ಹೋಯಿತು. ಅಷ್ಟು ದೂರದಲ್ಲಿ ಮಾಸ್ತರು "ಕ್ಲಚ್ಚು, ಕ್ಲಚ್ಚು" ಎಂದು ಜಪ ಮಾಡಿದರು. ಹೆಂಡತಿ ಇಳಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಒಂದು ವಾರ ಆ ಮನೆಯಲ್ಲಿ ಮಾತಾಡಿದ್ದು ಗಡಿಯಾರ ಮಾತ್ರ.

ಅಂದಿನಿಂದ ಈ ವಿಷಯ ಬಂದಾಗಲೆಲ್ಲ ಮಾಸ್ತರದ್ದು ಒಂದೇ ಉತ್ತರ. "ಡಾಕ್ಟರು ತನ್ನ ಮನೆಯವರಿಗೆ ಆಪರೇಷನ್ ಮಾಡ್ತಾನೇನೇ?"

"ಮಾಡಲ್ಲ. ಆದ್ರೆ ಬೇರೆ ಡಾಕ್ಟರ ಹತ್ರ ಹೋಗಬೇಡ ಅಂತಾನೂ ಹೇಳಲ್ಲ."

ಇಲ್ಲಿ ಮಾಸ್ತರು ಸಿಕ್ಕಿಬೀಳುತ್ತಿದ್ದರು. ಮಾಸ್ತರ ಹೆಂಡತಿಯೇ ಎದುರು ರಸ್ತೆಯ ಡ್ರೈವಿಂಗ್ ಸ್ಕೂಲಿಗೆ ಹೋಗುವುದೆಂದರೆ! ಮರುದಿನದಿಂದ ತಾವು ತಲೆಗೆ ಟವೆಲ್ ಹಾಕಿಕೊಂಡೇ ಓಡಾಡಬೇಕು. ಆದ್ದರಿಂದ ತಾವೂ ಕಲಿಸುವುದಿಲ್ಲ, ಬೇರೆಯವರೂ ಕಲಿಸುವಂತಿಲ್ಲ ಎಂಬ ಘನವಾದ ನೀತಿಯನ್ನು ಅವರು ವರ್ಷಾನುಗಟ್ಟಲೆ ಕಾಪಾಡಿಕೊಂಡು ಬಂದಿದ್ದರು.

ಈ ನೀತಿಗೆ ಕುತ್ತು ಬಂದದ್ದು ಕಿಟಕಿಗಳಿಂದ. ಆಕೆಯ ಕಸುಬು ಪರದೆ ಹೊಲಿಯುವುದು. ಊರಾಚೆ ಗುಡ್ಡದ ಮೇಲೆ ಹೊಸದಾಗಿ ಕಟ್ಟುತ್ತಿದ್ದ ಹೋಟೆಲಿನ ಒಡತಿ, ಆಕೆಯ ಕೈಕೆಲಸ ಮೆಚ್ಚಿ, ಅಷ್ಟೂ ಕೋಣೆಗಳ ಪರದೆಯನ್ನು ಆಕೆಗೇ ಒಪ್ಪಿಸುವೆನೆಂದಿದ್ದಳು. ಆದರೆ ಬಟ್ಟೆಯ ಥಾನುಗಳನ್ನು ಹೊತ್ತು ದಿನಾ ಹೋಗಬೇಕು, ಅಳೆಯಬೇಕು, ತೂಗುಹಾಕಿ ನೋಡಬೇಕು, ಮತ್ತೆ ತಂದು ತಿದ್ದಬೇಕು. ಬಸ್ಸು ಗುಡ್ಡ ಹತ್ತುವುದಿಲ್ಲ. ಬಾಡಿಗೆ ವ್ಯಾನಿನವನ ಬಾಯಲ್ಲಿ 'ನಾಳೆ' ಬಿಟ್ಟರೆ ಬೇರೆ ಮಾತಿಲ್ಲ. "ನೀವೇ ಕಾರು ತಗೊಂಡು ಬರೋ ಹಾಗಿದ್ರೆ ಹೇಳಿ, ತಿಂಗಳ ಕೊನೆವರೆಗೆ ಕಾಯ್ತೀನಿ" ಎಂದಿದ್ದಳು ಒಡತಿ. ಇಷ್ಟು ದೊಡ್ಡ ಕೆಲಸ ಆಕೆಯ ಕೈಗೆ ಎಂದೂ ಬಂದಿರಲಿಲ್ಲ.

"ಕಲಿಸ್ತೀರೋ ಇಲ್ವೋ?"

"ಈಗ ಸೀಸನ್ನು ಕಣೇ. ಮುಂದಿನ ತಿಂಗಳು ನೋಡೋಣ" ಎಂದರು ಮಾಸ್ತರು, ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತ.

ಅದೇ ವಾರ ಕಾಲೇಜಿಗೆ ರಜೆಯೆಂದು ಮಗಳು ಮನೆಗೆ ಬಂದಳು. ಬರುವಾಗ ಒಂದು ವಿಡಿಯೋ ಗೇಮು, ಅದಕ್ಕೊಂದು ಸ್ಟೀರಿಂಗ್ ಚಕ್ರ, ಗೇರಿನ ಕೋಲು ಮತ್ತು ಮೂರು ಪೆಡಲುಗಳ ಹಲಗೆಯನ್ನೂ ಹೊತ್ತು ತಂದಳು. ಮನೆಯಲ್ಲಿ ಅಲ್ಲಾಡದ ಮೇಜು ಒಂದೇ, ಅಮ್ಮನ ಹೊಲಿಗೆ ಮೇಜು. ಚಕ್ರವನ್ನು ಅದಕ್ಕೇ ಬಿಗಿದು, ಟಿವಿಯನ್ನು ಎದುರಿಗೆ ತಂದಿಟ್ಟಾಯಿತು.

ಆಟ ಸರಳ. ಒಬ್ಬ ಮನುಷ್ಯ, ಒಂದು ಹಳೇ ಗೇರಿನ ಕಾರು, ಕಣ್ಣು ಹಾಯುವವರೆಗೂ ಹಿಮ. ದಾರಿಯಲ್ಲಿ ಸೌದೆ ಕೂಡಿಸಿಕೊಂಡು, ಬೆಟ್ಟದ ಮೇಲಿನ ಮನೆ ತಲುಪಿ ಒಲೆ ಹಚ್ಚಿದರೆ ಬದುಕಿದ. ಎಂಜಿನ್ ಆರಿತೋ, ಕಾರಿನೊಳಕ್ಕೆ ಚಳಿ ನುಗ್ಗುತ್ತದೆ, ಗಾಜಿಗೆ ಮಂಜು ಕಟ್ಟುತ್ತದೆ, ಟಿವಿಯ ಮೂಲೆಯಲ್ಲಿ ಮೈಕಾವು ತೋರಿಸುವ ಪಟ್ಟಿ ಇಳಿಯುತ್ತ ಇಳಿಯುತ್ತ ಹೋಗಿ ಆಸಾಮಿ ಕೂತಲ್ಲೇ ಸೆಟೆದುಕೊಳ್ಳುತ್ತಾನೆ.

"ಯಾರ ಮನೆ ಮಗನೋ ಪಾಪ" ಎಂದು ಮರುಗಿದರು ಮಾಸ್ತರ ತಾಯಿ, ಅಂದರೆ ಅಜ್ಜಿ. "ಒಂದು ಸ್ವೆಟರಾದ್ರೂ ಹಾಕಿಸಬಾರದಾ ಅವನಿಗೆ?"

ಮಾಸ್ತರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಕಾರಾ? ಇದಕ್ಕೊಂದು ಗೇರಾ?"

"ಹಾಗಾದ್ರೆ ನೀನೇ ಓಡಿಸಿ ತೋರ್ಸಪ್ಪಾ" ಎಂದಳು ಮಗಳು.

ಮಾಸ್ತರು ತೋಳೇರಿಸಿ ಕೂತರು. ಕೀಲಿ ತಿರುಗಿಸಿದರು, ಮೊದಲ ಗೇರು ಹಾಕಿದರು, ಕ್ಲಚ್ಚನ್ನು ಹೂವಿನಂತೆ ಮೇಲೆತ್ತಿದರು. ಕಾರು ಒಮ್ಮೆ ಕುಪ್ಪಳಿಸಿ ಆರಿಹೋಯಿತು. ಮತ್ತೆ ಹಚ್ಚಿದರು. ಮತ್ತೆ ಕುಪ್ಪಳಿಸಿತು. ಗಾಜಿಗೆ ಮಂಜು ಕಟ್ಟಿತು. ಅರ್ಧ ಕ್ಲಚ್ಚು, ಮುಕ್ಕಾಲು ಕ್ಲಚ್ಚು, ಕಾಲು ಕ್ಲಚ್ಚು, ಯಾವ ಶಾಸ್ತ್ರಕ್ಕೂ ಅದು ಜಗ್ಗಲಿಲ್ಲ. ಹೊರಟ ಜಾಗದಿಂದ ಒಂದು ಮಾರು ಕೂಡ ಹೋಗದೆ, ಟಿವಿ ಬೆಳ್ಳಗಾಗಿ, 'ನೀವು ಹೆಪ್ಪುಗಟ್ಟಿ ಸತ್ತಿದ್ದೀರಿ' ಎಂಬ ಒಕ್ಕಣೆ ಮೂಡಿತು.

"ಅಯ್ಯೋ, ಕೊಂದ್ಯಲ್ಲೋ!" ಅಜ್ಜಿ ಎದೆ ಬಡಿದುಕೊಂಡರು.

"ಈ ಯಂತ್ರ ಸರಿಯಿಲ್ಲಮ್ಮ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅಪ್ಪಾ" ಎಂದಳು ಮಗಳು, ಮೇಜಿನ ಕೆಳಗೆ ಬಗ್ಗಿ ನೋಡುತ್ತ. "ನಿನ್ನ ಬಲಗಾಲು ಬ್ರೇಕ್ ಮೇಲೇ ಇದೆ. ಆಕ್ಸಿಲರೇಟರ್ ಒತ್ತೋರು ಯಾರು?"

ಮಾಸ್ತರ ಮುಖ ಇಂಗು ತಿಂದ ಮಂಗನಂತಾಯಿತು. ಅವರು ನಿಜವಾದ ಸ್ಟೀರಿಂಗ್ ಹಿಡಿದು ಎಷ್ಟು ಕಾಲವಾಗಿತ್ತೆಂಬುದನ್ನು ಇಲ್ಲಿ ಮೆಲ್ಲಗೆ ಹೇಳಿಬಿಡಬೇಕು. ಬೆಳಗಿನ ಮೊದಲ ಶಿಷ್ಯ ಮನೆಗೇ ಬಂದು ಕಾರು ತೆಗೆಯುತ್ತಿದ್ದ. ಸಂಜೆಯ ಕೊನೆಯ ಶಿಷ್ಯ ಮನೆಗೇ ತಂದು ನಿಲ್ಲಿಸುತ್ತಿದ್ದ. ನಡುವೆ ಮಾಸ್ತರ ಸಿಂಹಾಸನ ಪಕ್ಕದ ಸೀಟು. ಅಲ್ಲಿ ಅವರ ಕಾಲಬುಡದಲ್ಲಿ ಮಾಸ್ತರಿಗೆಂದೇ ಕೂರಿಸಿದ ಎರಡು ಪೆಡಲುಗಳಿದ್ದವು, ಒಂದು ಕ್ಲಚ್ಚು, ಒಂದು ಬ್ರೇಕು. ಆಕ್ಸಿಲರೇಟರು ಮಾತ್ರ ಶಿಷ್ಯನ ಕಾಲಿಗೆ. ಹೀಗೆ ಊರಿಗೆಲ್ಲ ಓಡಿಸಲು ಕಲಿಸುತ್ತ ಕಲಿಸುತ್ತ ಮಾಸ್ತರ ಕಾಲುಗಳಿಗೆ ನಿಲ್ಲಿಸುವುದೊಂದೇ ನೆನಪುಳಿದಿತ್ತು.

"ನಾಳೆ ನೋಡ್ಕೋತೀನಿ" ಎಂದು ಅವರು ಎದ್ದರು. ಖಾಲಿಯಾದ ಕುರ್ಚಿಯಲ್ಲಿ ಹೆಂಡತಿ ಕೂತಳು.

ಆಕೆಯೂ ಆ ಬಡಪಾಯಿಯನ್ನು ಕೊಂದಳು. ಧಾರಾಳವಾಗಿಯೇ ಕೊಂದಳು. ಒಮ್ಮೆ ಮರಕ್ಕೆ ಗುದ್ದಿಸಿ, ಒಮ್ಮೆ ಹೆಪ್ಪುಗಟ್ಟಿದ ಕೆರೆಗೆ ಇಳಿಸಿ, ಒಮ್ಮೆ ಹ್ಯಾಂಡ್‌ಬ್ರೇಕ್ ಹಾಕಲು ಮರೆತು ಸೌದೆ ತರಲು ಇಳಿದಾಗ ಅವನ ಕಾರೇ ಅವನ ಮೇಲೆ ಬಂದು. ಪ್ರತಿ ಸಲವೂ ಅಜ್ಜಿ ಲೊಚಗುಟ್ಟಿದರು. ಪ್ರತಿ ಸಲವೂ ಆಕೆ "ಇನ್ನೊಂದ್ಸಲ ಅತ್ತೆ" ಎಂದು ಕೀಲಿ ತಿರುಗಿಸಿದಳು. ಬೈಯುವವರಿಲ್ಲ, ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ. ಮೂರನೆಯ ಸಂಜೆಯ ಹೊತ್ತಿಗೆ ಕಾರು ಕುಪ್ಪಳಿಸುವುದನ್ನು ಬಿಟ್ಟು ನಡೆಯತೊಡಗಿತು.

ಇದನ್ನು ನೋಡಿ ಮಾಸ್ತರೊಳಗಿನ ಮಾಸ್ತರು ಸುಮ್ಮನಿರುತ್ತಾರೆಯೇ? ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕ ಕೂತರು.

"ಎರಡನೇ ಗೇರು... ಈಗ. ಈಗಲೇ! ಅಯ್ಯೋ, ತಿರುವು, ತಿರುವು!"

"ಕಾಣ್ಸುತ್ತೆ ರೀ."

"ಕಂಡ್ರೆ ಸಾಲದು ಕಣೇ, ಬ್ರೇಕು, ಬ್ರೇಕು, ಬ್ರೇಕೂ!"

ಹೆಂಡತಿ ಒತ್ತಲಿಲ್ಲ. ಮಾಸ್ತರು ಒತ್ತಿದರು. ಇಲ್ಲದ ಪೆಡಲನ್ನು ಹುಡುಕಿ ಅವರ ಬಲಗಾಲು ನೆಲಕ್ಕೆ ಅಪ್ಪಳಿಸಿತು. ಅಲ್ಲಿ ಟಿವಿಗೂ ಗೇಮಿಗೂ ಕರೆಂಟು ಕೊಡುವ ಪ್ಲಗ್ಗಿನ ಪೆಟ್ಟಿಗೆ ಇತ್ತು. ಕಾರು ನಿಂತಿತು. ಟಿವಿಯೂ ನಿಂತಿತು. ಮೂರು ಸಂಜೆ ಕಷ್ಟಪಟ್ಟು ಕೂಡಿಸಿದ್ದ ಸೌದೆಯೆಲ್ಲ ಕತ್ತಲೆಯಲ್ಲಿ ಕರಗಿಹೋಯಿತು.

ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟರು. "ನೀನು ಅಡುಗೆಮನೆಗೆ ಹೋಗಪ್ಪಾ. ಹಾಲು ಕಾಯಿಸು. ಅದು ಉಕ್ಕೋದನ್ನ ನಿಲ್ಲಿಸಕ್ಕಾದ್ರೂ ನಿನ್ನ ಕೈಲಾಗುತ್ತೆ."

ಮಗಳು ಪ್ಲಗ್ಗಿನ ಪೆಟ್ಟಿಗೆಯನ್ನು ಎತ್ತಿ, ಅಮ್ಮನ ಹೊಲಿಗೆ ಸ್ಟೂಲಿನ ಕೆಳಗೆ, ಅಪ್ಪನ ಕಾಲು ಯಾವ ಕಾಲಕ್ಕೂ ಹೋಗದ ಮೂಲೆಯಲ್ಲಿ ಇಟ್ಟಳು.

ಮಾಸ್ತರ ವನವಾಸ ಆರಂಭವಾಯಿತು. ಸಂಜೆಯಾದರೆ ಅವರು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, ದೂರದಿಂದಲೇ ನೋಡುತ್ತಿದ್ದರು. (ಹಾಲು ದಿನಾ ಉಕ್ಕುತ್ತಿತ್ತು. ಅಜ್ಜಿಯ ಭರವಸೆ ಅಲ್ಲೂ ಹುಸಿಯಾಯಿತು.) ಒಂದು ಸಂಜೆ ಆ ಹಳೇ ಕಾರು ಬೆಟ್ಟದ ಕೊನೆಯ ಏರಿನ ಮಧ್ಯೆ ನಿಂತುಬಿಟ್ಟಿತು. ಹಿಂದೆ ಪ್ರಪಾತ, ಕೆಳಗೆ ಮಂಜುಗಡ್ಡೆ. ಮೈಕಾವಿನ ಪಟ್ಟಿ ಉಗುರಿನಷ್ಟು ಉಳಿದಿತ್ತು. ಹೆಂಡತಿ ಹ್ಯಾಂಡ್‌ಬ್ರೇಕ್ ಎಳೆದಳು, ಉಸಿರು ಬಿಟ್ಟಳು, ಕ್ಲಚ್ಚನ್ನು ಮೆಲ್ಲಗೆ ಎತ್ತುತ್ತ ಬಲಗಾಲಿನಿಂದ ಒಂದಿಷ್ಟೇ ಒತ್ತಿದಳು, ಹೊಲಿಗೆ ಮೆಷಿನ್ನಿನಲ್ಲಿ ತೆಳು ಬಟ್ಟೆಗೆ ಒತ್ತುವಷ್ಟು. ಕಾರು ನಡುಗಿತು. ಹಿಂದಕ್ಕೆ ಜಾರಲಿಲ್ಲ. ಆಮೇಲೆ ಮುಂದಕ್ಕೆ ಹೊರಟಿತು.

ಬೆಟ್ಟದ ಮೇಲಿನ ಮನೆಯಲ್ಲಿ ಒಲೆ ಹತ್ತಿಕೊಂಡಾಗ ಅಜ್ಜಿ ಕಣ್ಣೊರೆಸಿಕೊಂಡರು. ಮಗಳು ಅಮ್ಮನ ಕೊರಳಿಗೆ ಜೋತುಬಿದ್ದಳು. ಬಾಗಿಲಲ್ಲಿ ನಿಂತಿದ್ದ ಮಾಸ್ತರಿಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಇಷ್ಟು ವರ್ಷ ಅವರಿಗಿದ್ದ ಹೆದರಿಕೆ ಈಕೆ ಕಲಿಯಲಾರಳು ಎಂಬುದಲ್ಲ. ಎಲ್ಲಾದರೂ ಗುದ್ದಿಕೊಂಡು ಕೈಕಾಲು ಮುರಿದುಕೊಂಡಾಳು ಎಂಬುದು. ಈಗ ಅದರ ಜೊತೆಗೆ, ತಾನಿಲ್ಲದೆಯೇ ಕಲಿತುಬಿಟ್ಟಳಲ್ಲ ಎಂಬುದೂ ಸೇರಿಕೊಂಡಿತ್ತು.

"ನಾಳೆ ಬೆಳಗ್ಗೆ ನಿಮ್ಮ ಮೊದಲ ಶಿಷ್ಯೆ ನಾನು" ಎಂದಳು ಹೆಂಡತಿ, ತಿರುಗಿ ನೋಡದೆ.

ಮಾಸ್ತರು ಇಲ್ಲ ಎನ್ನಲಿಲ್ಲ.

ಬೆಳಗ್ಗೆ ನಿಜವಾದ ಕಾರು ಗೇಟು ದಾಟಿತು. ಆದರೆ ಹೆಜ್ಜೆಹೆಜ್ಜೆಗೂ ಎಡವುತ್ತಿತ್ತು. ಆಕೆ ಮುಂದಕ್ಕೆ ಎಂದರೆ ಅದು ನಿಲ್ಲುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಆಕೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಗಂಡನ ಕಾಲಬುಡವನ್ನು ನೋಡಿದಳು.

"ರೀ, ಕಾಲು ಮೇಲೆ ತಗೊಳ್ಳಿ."

"ಏನು?"

"ಎರಡೂ ಕಾಲು. ಸೀಟಿನ ಮೇಲೆ."

"ಲೇ, ಊರಿನವರು ನೋಡ್ತಾರೆ ಕಣೇ!"

"ಹಾಗಾದ್ರೆ ನಾನು ಎದುರು ರಸ್ತೆ ಸ್ಕೂಲಿಗೆ ಹೋಗ್ತೀನಿ."

ಅಂದು ಬೆಳಗ್ಗೆ ಊರು ಒಂದು ಅಪೂರ್ವ ದೃಶ್ಯ ಕಂಡಿತು. ಎಲ್ ಬೋರ್ಡು ಹೊತ್ತ ಕಾರಿನಲ್ಲಿ ಡ್ರೈವಿಂಗ್ ಮಾಸ್ತರು ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಮಂಡಿಗಳನ್ನು ಕೈಯಲ್ಲಿ ಒತ್ತಿ ಹಿಡಿದು ತಪಸ್ಸಿಗೆ ಕೂತಿದ್ದರು. ಕಾರು ಬೆಣ್ಣೆಯಂತೆ ಸಾಗುತ್ತಿತ್ತು. ಹಾಲಿನ ವ್ಯಾನಿನವನು ತಿರುತಿರುಗಿ ನೋಡಿ ಕಂಬಕ್ಕೆ ಗುದ್ದುವುದರಲ್ಲಿದ್ದ.

ಕಲಿಯುವವರ ಲೈಸೆನ್ಸನ್ನು ಆಕೆ ತಿಂಗಳ ಹಿಂದೆಯೇ ಗುಟ್ಟಾಗಿ ಮಾಡಿಸಿಟ್ಟುಕೊಂಡಿದ್ದಳು. ಹಾಗಾಗಿ ಈ ತಿಂಗಳು ಮುಗಿಯುವ ಮೊದಲೇ ಪರೀಕ್ಷೆಯೂ ಬಂತು. ಇನ್ಸ್‌ಪೆಕ್ಟರು ಪಕ್ಕದಲ್ಲಿ, ಮಾಸ್ತರು ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಕೊಂಡು. ಆಕೆ ಎಂಟರ ಆಕಾರ ಬಿಡಿಸಿದಳು, ಏರಿನಲ್ಲಿ ನಿಲ್ಲಿಸಿ ಹೊರಟಳು, ಹಿಮ್ಮುಖವಾಗಿ ಕಂಬಗಳ ನಡುವೆ ನುಗ್ಗಿಸಿದಳು. "ಪಾಸು" ಎಂದರು ಇನ್ಸ್‌ಪೆಕ್ಟರು. ಆಕೆ ಸಹಿ ಹಾಕಲು ಆಫೀಸಿನೊಳಗೆ ಹೋದಳು.

ಮಾಸ್ತರು ಉಬ್ಬಿಹೋಗಿದ್ದರು. ಸರದಿಯಲ್ಲಿ ನಿಂತಿದ್ದ ತಮ್ಮ ಶಿಷ್ಯರ ಕಡೆ ನೋಡಿ, "ಎಲ್ಲಾ ಹೇಳಿಕೊಟ್ಟಿದ್ದರ ಮೇಲಿರುತ್ತೆ" ಎಂದರು.

"ಮಾಸ್ತರೇ" ಎಂದರು ಇನ್ಸ್‌ಪೆಕ್ಟರು, "ಗಾಡಿ ಸ್ವಲ್ಪ ಆ ಮರದ ಕೆಳಗೆ ಹಾಕಿ. ಮುಂದಿನವರು ಬರ್ಲಿ."

ಮಾಸ್ತರು ಸ್ಟೀರಿಂಗ್ ಮುಂದೆ ಕೂತರು. ಕಾರು ಕುಪ್ಪಳಿಸಿ ಆರಿತು. "ಎಂಜಿನ್ ಬಿಸಿಯಾಗಿದೆ ಸಾರ್" ಎಂದರು. ಮತ್ತೆ ಕುಪ್ಪಳಿಸಿ ಆರಿತು. ಮೂರನೆಯ ಸಲ ವೈಪರು ತಾನಾಗಿ ತಿರುಗತೊಡಗಿತು.

"ಮಾಸ್ತರೇ, ಅರ್ಧ ಕ್ಲಚ್ಚು, ಪೂರ್ತಿ ಗಮನ!" ಎಂದು ಸರದಿಯಿಂದ ಯಾರೋ ಕೂಗಿದರು. ಗುರುವಿಗೇ ತಿರುಮಂತ್ರ! ಮೈದಾನಕ್ಕೆ ಮೈದಾನವೇ ನಕ್ಕಿತು.

"ನಿಮಗೆ ಲೈಸೆನ್ಸ್ ಕೊಟ್ಟೋರು ಯಾರ್ರೀ?" ಎಂದು ಇನ್ಸ್‌ಪೆಕ್ಟರು ಕೇಳುವ ಹೊತ್ತಿಗೆ ಹೆಂಡತಿ ಬಂದು ಗಾಜು ತಟ್ಟಿದಳು. "ಸ್ವಲ್ಪ ಆ ಕಡೆ ಕೂತ್ಕೊಳ್ಳಿ." ಮಾಸ್ತರು ಜರುಗಿ ಕೂತರು. ಹೇಳಿಸಿಕೊಳ್ಳದೆಯೇ ಕಾಲು ಮಡಿಸಿದರು.

ಅಲ್ಲಿಂದ ನೇರವಾಗಿ ಗುಡ್ಡದ ಹೋಟೆಲಿಗೆ. ಬಟ್ಟೆಯ ಥಾನುಗಳು ಬೆಳಗ್ಗೆಯೇ ಡಿಕ್ಕಿ ಸೇರಿದ್ದವು. ಏರು ಹತ್ತುವಾಗ ಮಾಸ್ತರು ಮೆಲ್ಲಗೆ ಕೇಳಿದರು. "ಲೇ, ಸಂಜೆ ನಂಗೊಂಚೂರು ಹೇಳಿಕೊಡ್ತೀಯಾ?"

"ಡಾಕ್ಟರು ತನ್ನ ಮನೆಯವರಿಗೆ ಆಪರೇಷನ್ ಮಾಡ್ತಾನೇನ್ರೀ?" ಎಂದಳು ಹೆಂಡತಿ. ಗೇರು ಬದಲಾಯಿಸಿದಳು. ಅವರ ಮುಖ ಸಪ್ಪಗಾದದ್ದನ್ನು ಕಂಡು, "ಆಯ್ತು, ಹಾಲು ಉಕ್ಕಿಸದೇ ಇದ್ರೆ" ಎಂದು ನಕ್ಕಳು.

ಸಂಜೆ ಮಾಸ್ತರು ಹೊಲಿಗೆ ಮೇಜಿನ ಮುಂದೆ ಕೂತಾಗ, ಮಗಳು ಕಾರಿನಿಂದ ಬಿಚ್ಚಿ ತಂದ ಎಲ್ ಬೋರ್ಡನ್ನು ಅವರ ಕುರ್ಚಿಯ ಬೆನ್ನಿಗೆ ಕಟ್ಟಿದಳು. ಹೆಂಡತಿ ಪಕ್ಕದಲ್ಲಿ ತನ್ನ ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತಳು. "ನಾನು ಏನೂ ಹೇಳಲ್ಲ. ನಿಮ್ಮ ಪಾಡಿಗೆ ನೀವು ಹೋಗಿ" ಎಂದಳು.

ಹೇಳಲೂ ಇಲ್ಲ. ಕಾರು ಕುಪ್ಪಳಿಸಿತು, ಆರಿತು, ಮತ್ತೆ ಹತ್ತಿಕೊಂಡಿತು. ಮಾಸ್ತರ ಬಲಗಾಲು ಬ್ರೇಕು ಬಿಟ್ಟು, ಹೊಸಿಲು ದಾಟುವ ಮಗುವಿನಂತೆ ಅನುಮಾನಿಸುತ್ತ, ಆಕ್ಸಿಲರೇಟರಿನ ಮೇಲೆ ಬಂತು. ಹಳೇ ಕಾರು ಹಿಮದಲ್ಲಿ ಹೊರಟಿತು! ಮೊದಲ ಮರ ದಾಟಿತು, ಕೆರೆ ದಾಟಿತು. "ಹೋಗ್ತಿದೆ ಕಣೇ!" ಎಂದು ಅವರು ಕೂಗಿದರು. ಬೆಟ್ಟದ ಮೇಲಿನ ಮನೆ ಕಾಣಿಸಿತು. ನಡುವೆ ಒಂದೇ ಒಂದು ತಿರುವು, ತುಸು ಜೋರಾಗಿಯೇ ಬಂತು.

"ಅಯ್ಯೋ ರೀ, ಬ್ರೇಕು!"

ಹೆಂಡತಿಯ ಮಡಿಸಿದ ಕಾಲು ಸ್ಟೂಲಿನಿಂದ ಧೊಪ್ಪನೆ ಕೆಳಗಿನ ಪ್ಲಗ್ಗಿನ ಪೆಟ್ಟಿಗೆಯ ಮೇಲೆ ಇಳಿಯಿತು. ಟಿವಿ ಕತ್ತಲಾಯಿತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕದ್ದು ಯಾರೋ ತಿಳಿಯಲಿಲ್ಲ, ಇಬ್ಬರಿಗೂ ನಿಲ್ಲಿಸಲು ಮಾತ್ರ ಆಗಲಿಲ್ಲ.

"ನಗೋದಿರ್ಲಿ" ಎಂದರು ಅಜ್ಜಿ ಮೂಲೆಯಿಂದ. "ಈ ಸಲ ಆ ಹುಡುಗನ್ನ ಕೊಂದಿದ್ದು ಯಾರು, ಅದನ್ನ ಹೇಳಿ."