ಬದುಕಿಸಿಟ್ಟ ಯೀಸ್ಟು

ಬೆಳಿಗ್ಗೆ ಎಂಟು ಗಂಟೆಗೆ ವಾಚಣ್ಣನ ಜೀವಮಾನದ ಮೊದಲ ಬ್ರೆಡ್ಡು ಓವನ್ನಿನಿಂದ ಹೊರಬಂತು. ತಟ್ಟೆಗೆ ಬಿದ್ದಾಗ ಅದು ಮಾಡಿದ ಸದ್ದಿಗೆ ಪಕ್ಕದ ಕೋಣೆಯಲ್ಲಿದ್ದ ಅತ್ತೆ, "ಯಾರೋ ಬಾಗಿಲು ತಟ್ತಿದಾರೆ ನೋಡೇ" ಎಂದು ಮಗಳಿಗೆ ಕೂಗಿ ಹೇಳಿದರು.

ಅತ್ತೆ ವಾರದ ಹಿಂದೆ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲುಗಳನ್ನೂ ಕೀಳಿಸಿಕೊಂಡು, ಹೊಸ ಹಲ್ಲಿನ ಸೆಟ್ಟು ತಯಾರಾಗುವವರೆಗೆ ಒಂದು ತಿಂಗಳು ಇದ್ದುಹೋಗಲು ಮಗಳ ಮನೆಗೆ ಬಂದಿದ್ದರು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಅವರಿಗೆ ಬೇರೇನೂ ಸೇರುತ್ತಿರಲಿಲ್ಲ. ಅದೇ ಹೊತ್ತಿಗೆ ಬೀದಿಯ ಬೇಕರಿಯವನು ಹೊಸ ಒಲೆ ಕಟ್ಟಿಸಲು ತಿಂಗಳ ಮಟ್ಟಿಗೆ ಬಾಗಿಲು ಮುಚ್ಚಿದ್ದ. "ಅದಕ್ಯಾಕೆ ಚಿಂತೆ ಅತ್ತೆ? ದಿನಾ ನಾನೇ ಮಾಡಿಕೊಡ್ತೀನಿ" ಎಂದು ವಾಚಣ್ಣ ಮಾತು ಕೊಟ್ಟುಬಿಟ್ಟಿದ್ದ. ಇಪ್ಪತ್ತೆರಡು ವರ್ಷದಿಂದ ವಾಚು ರಿಪೇರಿ ಮಾಡುತ್ತಿದ್ದವನು. ಕಣ್ಣಿಗೆ ಕಾಣದ ತಿರುಪುಗಳನ್ನೇ ಹಿಡಿದವನಿಗೆ ಕೈ ತುಂಬ ಸಿಗುವ ಹಿಟ್ಟು ಯಾವ ಲೆಕ್ಕ ಎಂದುಕೊಂಡಿದ್ದ.

ಅತ್ತೆ ಬ್ರೆಡ್ಡನ್ನು ಬೆರಳಲ್ಲಿ ಒತ್ತಿದರು. ಅದು ಒತ್ತಿಸಿಕೊಳ್ಳಲಿಲ್ಲ.

"ಹಲ್ಲು ಮೊದಲೇ ಕೀಳಿಸಿದ್ದು ಒಳ್ಳೇದಾಯ್ತು ಅಳಿಯಂದಿರೇ. ಇಲ್ಲದಿದ್ರೆ ಇವತ್ತು ಅವೇ ಉದುರ್ತಿದ್ವು."

ಹೆಂಡತಿ ಮುಖ ತಿರುಗಿಸಿಕೊಂಡು ನಕ್ಕಳು. ವಾಚಣ್ಣ ನಗಲಿಲ್ಲ. ಕೆಟ್ಟ ವಾಚು ಕೈಗೆ ಬಂದರೆ ಮೊದಲು ಕೆಟ್ಟಿದ್ದೆಲ್ಲಿ ಎಂದು ನೋಡುವ ಜಾತಿಯವನು ಅವನು. ಹಿಟ್ಟು ಉಬ್ಬಲೆಂದು ಹಾಕಿ ಉಳಿದಿದ್ದ ಯೀಸ್ಟಿನಿಂದ ಒಂದು ಚಿಟಿಕೆಯನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿ, ಗಡಿಯಾರ ಎದುರಿಗಿಟ್ಟುಕೊಂಡು ಹತ್ತು ನಿಮಿಷ ಕೂತ. ಒಂದು ಗುಳ್ಳೆಯೂ ಏಳಲಿಲ್ಲ. ಯೀಸ್ಟು ರಸ್ತೆಯ ಧೂಳಿನ ಹಾಗೆ ಲೋಟದ ತಳದಲ್ಲಿ ಮಲಗಿತ್ತು.

"ಇದು ಸತ್ತುಹೋಗಿದೆ ಕಣೇ! ಎಲ್ಲಿಟ್ಟಿದ್ದೆ ಇದನ್ನ?"

"ಒಲೆ ಮೇಲಿನ ಶೆಲ್ಫಲ್ಲಿ, ರಬ್ಬರ್ ಬ್ಯಾಂಡ್ ಹಾಕಿ. ಹೋದ ವರ್ಷದಿಂದ ಅಲ್ಲೇ ಇತ್ತಲ್ರೀ."

ವಾಚಣ್ಣ ಚಪ್ಪಲಿ ಮೆಟ್ಟಿಕೊಂಡು ಸೀದಾ ದಿನಸಿ ಅಂಗಡಿಗೆ ಹೋದ. ಅಲ್ಲಿದ್ದದ್ದು ಅರ್ಧ ಕಿಲೋದ ಒಂದೇ ಪ್ಯಾಕೆಟ್ಟು. "ಇದು ಬಿಟ್ರೆ ಮುಂದಿನ ತಿಂಗಳೇ ಬರೋದು" ಎಂದ ಅಂಗಡಿಯವನು. "ಬಿಚ್ಚಿದ ಮೇಲೆ ಗಾಳಿ ಆಡಬಾರದು, ತೇವ ತಾಗಬಾರದು, ಬಿಸಿ ಅಂತೂ ಆಗಲೇಬಾರದು. ಬಾಟಲಿಗೆ ತುಂಬಿ ಫ್ರೀಜರಲ್ಲಿಡಿ. ತಿಂಗಳೇನು, ಆರು ತಿಂಗಳು ಅಲ್ಲಾಡಲ್ಲ."

ವಾಚಣ್ಣ ಮನೆಗೆ ಬಂದು ತಿರುಪು ಮುಚ್ಚಳದ ಗಾಜಿನ ಬಾಟಲಿಯೊಂದನ್ನು ತೊಳೆದು, ವಾಚು ಒರೆಸುವ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟ. ಕಣ್ಣಿಗೆ ವಾಚು ನೋಡುವ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ಹನಿ ನೀರಿದೆಯೇ ಎಂದು ಹುಡುಕಿದ. ಪ್ಯಾಕೆಟ್ಟು ಬಿಚ್ಚಿ, ಮೊದಲು ಒಂದು ಚಿಟಿಕೆಯನ್ನು ಪರೀಕ್ಷೆಗೆ ಹಾಕಿದ. ಹತ್ತು ನಿಮಿಷಕ್ಕೆ ಲೋಟದ ತುಂಬ ನೊರೆ! ಉಳಿದದ್ದನ್ನು ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಫ್ರಿಜ್ಜಿನ ಬಾಗಿಲು ತೆರೆದ. ದೀಪ ಹತ್ತಲಿಲ್ಲ.

"ನಮ್ಮ ಸಾಲಲ್ಲಿ ವೈರ್ ಬದಲಾಯಿಸ್ತಾರಂತೆ ರೀ, ನಾಲ್ಕು ಗಂಟೆವರೆಗೂ ಕರೆಂಟಿಲ್ಲ" ಎಂದಳು ಹೆಂಡತಿ. "ಒಂದು ದಿನ ಹೊರಗಿದ್ರೆ ಏನೂ ಆಗಲ್ಲ ಬಿಡಿ."

"ವಾಚಿನೊಳಗೆ ಒಂದೇ ಒಂದು ಹನಿ ನೀರು ಹೋದ್ರೆ ಏನಾಗುತ್ತೆ ಗೊತ್ತಾ ನಿಂಗೆ?" ಎಂದು ಕೇಳಿ ವಾಚಣ್ಣ ಬಾಟಲಿಯನ್ನು ಎದೆಗವಚಿಕೊಂಡು ಬೀದಿ ದಾಟಿದ.

ಎದುರು ಸಾಲಿನಲ್ಲಿ ಕರೆಂಟಿತ್ತು. ಅಲ್ಲಿದ್ದ ನಿವೃತ್ತ ನರ್ಸಮ್ಮನನ್ನು ಬೀದಿಯೆಲ್ಲ ಸಿಸ್ಟರಮ್ಮ ಎಂದೇ ಕರೆಯುತ್ತಿತ್ತು. ಆಕೆ ಬಾಟಲಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಫ್ರೀಜರಿಗಿಟ್ಟರು. ವಾಚಣ್ಣ ನೆಮ್ಮದಿಯಿಂದ ಅಂಗಡಿಗೆ ಹೋದ.

ಮಧ್ಯಾಹ್ನ ಊಟಕ್ಕೆ ಬಂದವನು ಒಮ್ಮೆ ನೋಡಿಹೋಗೋಣವೆಂದು ಇಣುಕಿದರೆ, ಬಾಟಲಿ ಕಿಟಕಿಯಲ್ಲಿ ಉರಿಬಿಸಿಲಿಗೆ ಮೈಯೊಡ್ಡಿ, ಕುತ್ತಿಗೆಯವರೆಗೂ ಟವಲು ಸುತ್ತಿಕೊಂಡು ಕೂತಿತ್ತು.

"ಸಿಸ್ಟರಮ್ಮಾ! ಇದೇನಿದು?"

"ನೀನೊಳ್ಳೆ ಮನುಷ್ಯ ಕಣೋ! ಅದಕ್ಕೆ ಜೀವ ಇದೆ ಅಂತ ನಿಮ್ಮತ್ತೆ ಈಗ ಹೇಳಿದ್ರು. ಜೀವ ಇರೋದನ್ನ ಮಂಜುಗಡ್ಡೆ ಪಕ್ಕ ಮಲಗಿಸ್ತಾರಾ? ಮೂವತ್ತೈದು ವರ್ಷ ಎಳೇ ಕೂಸುಗಳನ್ನ ನೋಡ್ಕೊಂಡವಳು ನಾನು. ಮುಟ್ಟಿದ್ರೆ ತಣ್ಣಗೆ ಕೊರೀತಿತ್ತು, ಪಾಪ!"

ಊಟವನ್ನು ಮರೆತು ವಾಚಣ್ಣ ಬಾಟಲಿಯೊಡನೆ ಓಡಿದ. ಅವನ ಅಂಗಡಿಯ ಪಕ್ಕದಲ್ಲೇ ಮೆಡಿಕಲ್ ಶಾಪು. ಅಲ್ಲಿ ಔಷಧಿಗೆಂದೇ ಫ್ರಿಜ್ಜು. "ಇದನ್ನ ಯಾರೂ ಮುಟ್ಟಬಾರದು, ಬಿಸಿಲಿಗಿಡಬಾರದು, ಹೊದಿಸಬಾರದು" ಎಂದು ಮೂರು ಸಲ ಹೇಳಿದ. ಮೆಡಿಕಲ್‌ನವನು ನಗುತ್ತಾ ಒಳಗಿಟ್ಟು, ಗಲ್ಲಾದಲ್ಲಿ ತಂದೆಯನ್ನು ಕೂರಿಸಿ ಊಟಕ್ಕೆ ಹೋದ. ಆ ಯಜಮಾನರ ಕನ್ನಡಕ ರಿಪೇರಿಗೆ ಹೋಗಿದೆ ಎಂಬುದನ್ನು ಯಾರೂ ವಾಚಣ್ಣನಿಗೆ ಹೇಳಲಿಲ್ಲ.

ಮೂರೂವರೆಗೆ ಹೋಗಿ ನೋಡಿದರೆ ಫ್ರಿಜ್ಜಿನಲ್ಲಿ ಔಷಧಿಗಳಷ್ಟೇ ಇದ್ದವು, ಬಾಟಲಿ ಇರಲಿಲ್ಲ.

"ಗಾಜಿನ ಬಾಟಲಿ ತಾನೆ? ಟೈಲರಿಗೆ ಕೊಟ್ಟೆನಲ್ಲಪ್ಪ" ಎಂದರು ಯಜಮಾನರು. "ಕಾಲುನೋವಿಗೆ ಪುಡಿ ತೆಗೆದಿಟ್ಟಿದೀರಾ ಅಂದ. ಇದರಲ್ಲಿ ಪುಡಿ ಇತ್ತು. ಎರಡು ಚಮಚ ಬೆಚ್ಚಗಿನ ನೀರಿಗೆ ಹಾಕಿ ಕಾಲಿಟ್ಕೋ ಅಂದೆ."

ಟೈಲರು ಎರಡು ಅಂಗಡಿಯಾಚೆ. ವಾಚಣ್ಣ ನುಗ್ಗಿದಾಗ ಅವನು ಹೊಲಿಗೆ ಮೆಷಿನ್ನಿನ ಪಕ್ಕ ಪ್ಯಾಂಟು ಮಡಚಿಕೊಂಡು, ಟಬ್ಬಿನಲ್ಲಿ ಎರಡೂ ಕಾಲು ಇಳಿಬಿಟ್ಟು, ಅಳತೆ ಟೇಪು ಕೊರಳಲ್ಲೇ ನೇತಾಡುತ್ತಿರಲು, ಕಣ್ಣು ಮುಚ್ಚಿ ಕೂತಿದ್ದ. ಟಬ್ಬಿನ ತುಂಬ ನೊರೆ. ನೊರೆಯ ಮೇಲೆ ಅವನ ಎರಡು ಮಂಡಿಗಳು ಮೋಡದಿಂದೆದ್ದ ಬೆಟ್ಟದ ಹಾಗೆ ಕಾಣುತ್ತಿದ್ದವು.

"ಚಮಚ ಒದ್ದೆಯಾಗಿತ್ತಾ, ಒಣಗಿತ್ತಾ?" ಎಂದು ವಾಚಣ್ಣ ಕಿರುಚಿದ.

ಟೈಲರು ಒಂದೇ ಕಣ್ಣು ತೆರೆದ. "ಒಣಗಿತ್ತು. ಯಾಕೆ?"

"ಮುಚ್ಚಳ?"

"ಆಗಲೇ ಹಾಕಿದೀನಿ. ಏನು ಔಷಧಿ ಮಾರಾಯಾ ಇದು! ಕಾಲು ಉರಿಗೆ ಒಳ್ಳೇದು ಅಂತ ನಾನೇ ಒಂದು ಹಿಡಿ ಸಕ್ಕರೆನೂ ಹಾಕಿದೆ. ಸಾವಿರ ಇರುವೆ ಒಟ್ಟಿಗೆ ಕಾಲೊತ್ತಿದ ಹಾಗಿದೆ. ಹನ್ನೊಂದು ವರ್ಷದ ನೋವು, ಮಂಗಮಾಯ!"

ವಾಚಣ್ಣ ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಟಬ್ಬಿನ ಪಕ್ಕ ಮಂಡಿಯೂರಿ ನೊರೆಯನ್ನು ಕಣ್ತುಂಬ ನೋಡಿದ. ಬಿಸಿಲಿಗೆ ಕೂತರೂ, ಟವಲು ಹೊದ್ದರೂ, ಕೈಯಿಂದ ಕೈಗೆ ಅಲೆದರೂ ಯೀಸ್ಟು ಸತ್ತಿರಲಿಲ್ಲ. "ಬದುಕಿದೆ!" ಎಂದು ಟೈಲರನ ಒದ್ದೆ ಮಂಡಿಯನ್ನೇ ಹಿಡಿದು ಅಲುಗಿಸಿ, ಬಾಟಲಿ ಎತ್ತಿಕೊಂಡು ಮನೆಗೆ ನಡೆದ.

ಕರೆಂಟು ಬಂದಿತ್ತು. ವಾಚಣ್ಣ ಒಣ ಚಮಚದಲ್ಲಿ ಅಳೆದು ತೆಗೆದ. ನೀರು ಉಗುರುಬೆಚ್ಚಗಿದೆಯೇ ಎಂದು ಮೊಣಕೈ ಅದ್ದಿ ನೋಡಿದ. ಹಿಟ್ಟು ನಾದಿದ, ಮುಚ್ಚಿಟ್ಟ, ಕಾದ. ಹಿಟ್ಟು ಉಬ್ಬಿ ಪಾತ್ರೆಯ ಅಂಚಿನಿಂದ ಇಣುಕಿತು. ಆರೂವರೆಗೆ ಓವನ್ನಿನಿಂದ ಬಂದದ್ದು ದಿಂಬಿನಂಥ ಬ್ರೆಡ್ಡು. ಅತ್ತೆ ಒತ್ತಿದರೆ ಬೆರಳು ಒಳಗಿಳಿಯಿತು, ಬಿಟ್ಟರೆ ಬ್ರೆಡ್ಡು ಮೆಲ್ಲಗೆ ಮೇಲೆದ್ದಿತು. ಹಾಲಿನಲ್ಲಿ ಅದ್ದಿ ಬಾಯಿಗಿಟ್ಟವರು ಇನ್ನೊಂದು ತುಂಡಿಗೆ ಕೈಚಾಚಿದರು. ಎರಡನೆಯ ತುಂಡು ಮುಗಿದ ಮೇಲೆ, "ನನ್ನ ಮಗಳು ಪುಣ್ಯ ಮಾಡಿದ್ಲು" ಎಂದರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಆ ಮಾತನ್ನು ವಾಚಣ್ಣ ಮೊದಲ ಸಲ ಕೇಳಿದ್ದ. ಹೆಂಡತಿ ಕೂಡ ಅವನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು.

ವಾಚಣ್ಣ ಬಾಟಲಿಯನ್ನು ಫ್ರೀಜರಿನ ಒಳಮೂಲೆಗೆ ತಳ್ಳಿ, "ಅತ್ತೆ, ಇದಕ್ಕೆ ನೀವೇ ಕಾವಲು. ಒದ್ದೆ ಕೈ ಹಾಕೋಕೆ ಯಾರನ್ನೂ ಬಿಡಬೇಡಿ" ಎಂದು ಹೇಳಿ, ಸಂಜೆಗೆ ಕೊಡುತ್ತೇನೆಂದಿದ್ದ ವಾಚೊಂದನ್ನು ಗಿರಾಕಿಯ ಮನೆಗೆ ತಲುಪಿಸಲು ಹೊರಟ.

ಒಂದು ಗಂಟೆ ಬಿಟ್ಟು ಹಿಂತಿರುಗುವಾಗ ಬೀದಿ ಎಂದಿನಂತಿರಲಿಲ್ಲ. ಮೊದಲ ಮನೆಯ ಜಗಲಿಯಲ್ಲಿ ಪೋಸ್ಟ್‌ಮ್ಯಾನು ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಎರಡನೆಯದರಲ್ಲಿ ಡ್ರೈವರು ಮತ್ತು ಅವನ ಹೆಂಡತಿಯ ನಾಲ್ಕೂ ಕಾಲು ಒಂದೇ ಟಬ್ಬಿನಲ್ಲಿ. ಎದುರುಗಡೆ ಸಿಸ್ಟರಮ್ಮ ಬಕೆಟ್ಟಿನಿಂದ ನೊರೆ ಉಕ್ಕದಂತೆ ಕೈಯಲ್ಲಿ ತಡೆಯುತ್ತಾ, "ವಾಚಣ್ಣಾ, ಇಷ್ಟು ದಿನ ಬಚ್ಚಿಟ್ಕೊಂಡಿದ್ಯಲ್ಲೋ!" ಎಂದು ಕೂಗಿದರು. ವಾಚಣ್ಣ ನಡಿಗೆ ಬಿಟ್ಟು ಓಟಕ್ಕಿಳಿದ.

ಮನೆಯ ನಡುವೆ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ದೊಡ್ಡ ಟಬ್ಬು, ಮಂಡಿವರೆಗೂ ನೊರೆ.

"ಬನ್ನಿ ಅಳಿಯಂದಿರೇ. ಟೈಲರು ಮನೆಮನೆಗೂ ಹೇಳಿಬಿಟ್ಟಿದಾನೆ. ಇಡೀ ಬೀದಿ ಬಟ್ಟಲು ಹಿಡಿದು ಬಾಗಿಲಿಗೆ ಬಂತು. ಇಲ್ಲ ಅನ್ನೋಕಾಗುತ್ತಾ? ಎಲ್ಲಾರೂ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

"ಅತ್ತೆ... ಕಾವಲಿರಿ ಅಂದಿದ್ನಲ್ಲ!"

"ಇದ್ದೆನಲ್ಲಪ್ಪ! ಯಾರ ಕೈನೂ ಹಾಕಿಸಿಲ್ಲ. ಒಣ ಚಮಚ ತಗೊಂಡು ನಾನೇ ಹಂಚಿದೆ. ಕೊನೇ ಎರಡು ಚಮಚ ನಂಗೆ."

ವಾಚಣ್ಣ ಫ್ರೀಜರ್ ತೆರೆದ. ಬಾಟಲಿ ಒಳಮೂಲೆಯಲ್ಲೇ ಇತ್ತು. ತೊಳೆದು, ಒರೆಸಿ, ಮುಚ್ಚಳ ಬಿಗಿದಿಟ್ಟಿದ್ದರು. ಭೂತಗನ್ನಡಿ ಹಾಕಿ ಹುಡುಕಿದರೂ ಅದರಲ್ಲಿ ಒಂದು ಹನಿ ತೇವವಾಗಲಿ, ಒಂದು ಕಾಳು ಯೀಸ್ಟಾಗಲಿ ಸಿಗುವಂತಿರಲಿಲ್ಲ. ಅವನು ತಿರುಗಿ ಟಬ್ಬಿನ ನೊರೆಯನ್ನು ನೋಡಿದ. ಒಂದು ಕ್ಷಣ ಅವನ ಕೈ ತಾನಾಗಿಯೇ ಹಿಟ್ಟಿನ ಡಬ್ಬದ ಕಡೆ ಹೋಯಿತು. ಆಮೇಲೆ ಅತ್ತೆಯ ಹೆಬ್ಬೆರಳು ನೊರೆಯಿಂದ ಮೇಲೆದ್ದು ಆರಾಮವಾಗಿ ಅಲ್ಲಾಡಿತು. ಕೈ ಹಿಂದಕ್ಕೆ ಬಂತು.

"ಬೆಳಿಗ್ಗೆಗೆ ಬ್ರೆಡ್ಡು ಸ್ವಲ್ಪ ದೊಡ್ಡದೇ ಮಾಡಿ ಅಳಿಯಂದಿರೇ" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಬೀದಿಯವರನ್ನೆಲ್ಲ ತಿಂಡಿಗೆ ಕರೆದುಬಿಟ್ಟಿದೀನಿ."