ಒಂಬೈನೂರು ಮಂಚ, ಶೇಕಡಾ ಮೂವತ್ತನಾಲ್ಕು

ದೊಡ್ಡಾಸ್ಪತ್ರೆಗೆ ಒಂಬೈನೂರು ಕಬ್ಬಿಣದ ಮಂಚ ಒದಗಿಸುವ ಗುತ್ತಿಗೆ ನನಗೆ ಮಂಜೂರಾಯಿತು. ಬಾಕಿ ಉಳಿದದ್ದು ಒಂದೇ ಕೆಲಸ. ತಿಂಗಳ ಮೂವತ್ತನೇ ತಾರೀಖು ಸಂಜೆ ಐದರೊಳಗೆ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಸರಬರಾಜು ಇಲಾಖೆಯ ತಂತ್ರಾಂಶ ತೆರೆದು ‘ಒಪ್ಪಿದೆ’ ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಗುತ್ತಿಗೆ ಎರಡನೇ ಸ್ಥಾನದಲ್ಲಿದ್ದ ವ್ಯಾಪಾರಿಗೆ ಹೋಗುತ್ತದೆ. ಎರಡನೇ ಸ್ಥಾನದಲ್ಲಿದ್ದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ.

ಮಂಚಗಳು ಆಗಲೇ ತಯಾರಾಗಿ ಗೋದಾಮಿನಲ್ಲಿ ಸೂರು ಮುಟ್ಟುವಂತೆ ಪೇರಿಸಿ ನಿಂತಿದ್ದವು. ಆಸ್ಪತ್ರೆ ಹೇಳಿದ ಅಳತೆ, ಆಸ್ಪತ್ರೆ ಹೇಳಿದ ಹಸಿರು ಬಣ್ಣ, ತಲೆಯ ಕಡೆಯ ಪಟ್ಟಿಯ ಮೇಲೆ ಆಸ್ಪತ್ರೆಯ ಮೊಹರು. ಗುತ್ತಿಗೆ ತಪ್ಪಿದರೆ ಅಷ್ಟನ್ನೂ ಗುಜರಿಯವನ ತಕ್ಕಡಿಗೆ ಹಾಕಬೇಕಿತ್ತು.

ಇಪ್ಪತ್ತನೇ ತಾರೀಖು ತಂತ್ರಾಂಶ ತೆರೆದೆ. ಎಂಟನೇ ಆವೃತ್ತಿ ಬಂದಿದೆ, ಅಪ್‌ಡೇಟ್ ಆಗದವರಿಗೆ ಒಳಗೆ ಪ್ರವೇಶವಿಲ್ಲ ಎಂದಿತು. ಆಗಲಿ ಎಂದು ಅಪ್‌ಡೇಟಿಗೆ ಹಾಕಿದೆ. ನೀಲಿ ಪಟ್ಟಿ ಶೇಕಡಾ ಮೂವತ್ತನಾಲ್ಕರವರೆಗೆ ಸರಾಗವಾಗಿ ಬೆಳೆದು ನಿಂತಿತು. ಒಂದು ಗಂಟೆ ನಿಂತ ಮೇಲೆ, ‘ಅಪ್‌ಡೇಟ್ ವಿಫಲವಾಗಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂಬ ಪ್ರಕಟಣೆ ಹೊರಬಿತ್ತು.

“ಆಫ್ ಮಾಡಿ ಆನ್ ಮಾಡ್ರೀ” ಎಂದಳು ಹೆಂಡತಿ. ಫ್ಯಾನಿನಿಂದ ಹಿಡಿದು ನನ್ನ ತಮ್ಮನವರೆಗೆ, ಕೆಟ್ಟುನಿಂತದ್ದಕ್ಕೆಲ್ಲ ಅವಳಲ್ಲಿರುವ ಮದ್ದು ಅದೊಂದೇ.

ಆಫ್ ಮಾಡಿ ಆನ್ ಮಾಡಿದೆ. ಮೂವತ್ತನಾಲ್ಕು. ವೈರಸ್ ಕಾವಲಿನ ತಂತ್ರಾಂಶವನ್ನು ನಿಲ್ಲಿಸಿ ನೋಡಿದೆ. ಮೂವತ್ತನಾಲ್ಕು. ಇಂಟರ್ನೆಟ್ಟಿನ ತಂತಿ ಬದಲಾಯಿಸಿದೆ, ಪ್ರಿಂಟರಿನ ತಂತಿ ಕಿತ್ತೆ. ಮೂವತ್ತನಾಲ್ಕು. ಗಡಿಯಾರ ತಪ್ಪಿದ್ದರೂ ಹೀಗಾಗುತ್ತದೆಂದು ಪಕ್ಕದಂಗಡಿಯವನು ಹೇಳಿದ್ದರಿಂದ ಗಡಿಯಾರವನ್ನೂ ತಿದ್ದಿದೆ. ಗಡಿಯಾರ ಸರಿಯಾಯಿತು.

ಇಪ್ಪತ್ತಮೂರಕ್ಕೆ ರಿಪೇರಿಯವನನ್ನು ಕರೆಸಿದೆ. ಅವನು ಪೆಟ್ಟಿಗೆ ಬಿಚ್ಚಿ ಧೂಳು ಊದಿ, ಅರ್ಧ ಗಂಟೆ ಕೀಲಿಮಣೆ ಕುಟ್ಟಿ, ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನಕ್ಕ.

“ಸಾಹುಕಾರ್ರೇ, ನಿಮ್ಮ ಡಿಸ್ಕಿನಲ್ಲಿ ಜಾಗ ಇಲ್ಲ.”

“ಹೋದ ವರ್ಷ ತಾನೇ ಹಾಕಿಸಿದ್ದು. ಅದರಲ್ಲಿ ನಾನೇನು ಮಂಚ ತುಂಬಿಟ್ಟಿದ್ದೀನಾ?”

“ತುಂಬಿರೋದು ನೀವಲ್ಲ, ಇಲಾಖೆ. ಅಪ್‌ಡೇಟ್ ಶುರು ಆಗೋಕೆ ಮುಂಚೆ ಈ ತಂತ್ರಾಂಶ ಒಂದು ವೈಫಲ್ಯದ ವರದಿ ಬರೆದಿಟ್ಟುಕೊಳ್ಳುತ್ತೆ.”

“ವಿಫಲ ಆಗೋಕೆ ಮುಂಚೆಯೇ?”

“ಸಮಯ ಉಳಿಯುತ್ತಲ್ಲ. ಆ ವರದಿಯೇ ಜಾಗ ಪೂರ್ತಿ ತಿಂದು ಹಾಕುತ್ತೆ. ಮೂವತ್ತನಾಲ್ಕಕ್ಕೆ ಬಂದಾಗ, ಜಾಗ ಇದೆಯಾ ಅಂತ ನೋಡುತ್ತೆ. ಇರಲ್ಲ. ವಿಫಲ ಅನ್ನುತ್ತೆ. ವರದಿ ರೆಡಿ ಇದ್ದೇ ಇದೆ.”

ಹಾಗಾದರೆ ಎರಡನೇ ಸಲದ ವರದಿ ಎಲ್ಲಿ ಹಿಡಿಸಿತು ಎಂದು ಕೇಳಿದೆ. ಅದಕ್ಕಾಗಿ ತಂತ್ರಾಂಶವು ನನ್ನ ಕಡತಗಳನ್ನು ಒತ್ತಿ ಒತ್ತಿ ಮೂಲೆಗೆ ತಳ್ಳಿದೆ ಎಂದು ತೋರಿಸಿದ. ವರದಿಯನ್ನು ತೆರೆದೂ ತೋರಿಸಿದ. ವಿಷಯ, ಉಲ್ಲೇಖ, ಮಾನ್ಯರೇ ಎಲ್ಲ ಇದ್ದವು. ‘ಹಿಂದಿನ ಎಲ್ಲ ವೈಫಲ್ಯ ವರದಿಗಳ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದೆ’ ಎಂದಿತ್ತು. ಎರಡನೆಯದರ ಹೊಟ್ಟೆಯಲ್ಲಿ ಮೊದಲನೆಯದು, ಮೂರನೆಯದರ ಹೊಟ್ಟೆಯಲ್ಲಿ ಎರಡೂ. ಹನ್ನೊಂದನೆಯದು ತುಂಬು ಬಸುರಿ.

“ಅಳಿಸಿ ಹಾಕು. ಎಷ್ಟು ಹೊತ್ತಿನ ಕೆಲಸ?”

“ಎರಡು ನಿಮಿಷ.” ಒಂದನ್ನು ಅಳಿಸಿದ. ತಕ್ಷಣ ಪರದೆ ಕೆಂಪಾಯಿತು: ‘ಇಲಾಖೆಯ ಆಸ್ತಿಯಾದ ವೈಫಲ್ಯ ವರದಿಯೊಂದು ಕಾಣೆಯಾಗಿದೆ. ಮೂರು ವರ್ಷ ಕಾಪಾಡತಕ್ಕ ವರದಿಯನ್ನು ಕಾಪಾಡದಿರುವ ಬಗ್ಗೆ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ಗುತ್ತಿಗೆಗಳನ್ನು ತಡೆಹಿಡಿಯಲಾಗುವುದು.’ ರಿಪೇರಿಯವನು ಅಳಿಸಿದ್ದನ್ನು ಕಸದ ಬುಟ್ಟಿಯಿಂದ ಎತ್ತಿ, ಧೂಳು ಕೊಡವಿದವನಂತೆ ಇದ್ದ ಜಾಗದಲ್ಲೇ ಇಟ್ಟ.

ದೊಡ್ಡ ಡಿಸ್ಕ್ ತಂದು ಹಾಕಿಸಿದೆ. ಜಾಗ ಎರಡರಷ್ಟಾದದ್ದನ್ನು ಕಂಡು ತಂತ್ರಾಂಶ ವರದಿಯನ್ನು ಇನ್ನಷ್ಟು ವಿವರವಾಗಿ ಬರೆಯಿತು. ಮೂವತ್ತನಾಲ್ಕು.

“ಇದು ಉಂಡೂ ಹೋಗೋದು ಕೊಂಡೂ ಹೋಗೋದು, ಸಾಹುಕಾರ್ರೇ. ನೀವು ಅಪ್‌ಡೇಟ್ ನೆರವು ಕೇಂದ್ರಕ್ಕೇ ಹೋಗಿ” ಎಂದು ತನ್ನ ಕೂಲಿ ಎಣಿಸಿಕೊಂಡು ಹೊರಟ. ಆ ಹತ್ತು ದಿನಗಳಲ್ಲಿ ನನಗೆ ನಿಜ ಹೇಳಿದ ಒಬ್ಬನೇ ಮನುಷ್ಯ ಅವನು. ಅವನ ಅಂಗಡಿ ಇನ್ನೂ ಬಾಡಿಗೆಯ ಜಾಗದಲ್ಲೇ ಇದೆ.

ಅಪ್‌ಡೇಟ್ ನೆರವು ಕೇಂದ್ರ ಇಲಾಖೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಕೆಟ್ಟ ಕಂಪ್ಯೂಟರನ್ನು ಪರದೆ ಸಮೇತ ಖುದ್ದು ಹಾಜರುಪಡಿಸಬೇಕೆಂಬುದು ನಿಯಮ. ಲಿಫ್ಟನ್ನು ಕಂಪ್ಯೂಟರುಗಳ ಭಾರಕ್ಕೆ ಕೆಡುತ್ತದೆಂದು ನಿಲ್ಲಿಸಿದ್ದರು. ಮೆಟ್ಟಿಲುಗಳ ಉದ್ದಕ್ಕೂ ಜನ ಜ್ವರದ ಮಕ್ಕಳನ್ನು ಎತ್ತಿಕೊಂಡವರಂತೆ ಕಂಪ್ಯೂಟರುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ನನ್ನ ಷಡ್ಡಕನೂ ಕೂತಿದ್ದ.

“ಏನಣ್ಣಾ, ಗುತ್ತಿಗೆ ಸಿಕ್ಕಿ ಒಂದು ವಾರ ಆಯ್ತಂತೆ, ಇನ್ನೂ ಗುಂಡಿ ಒತ್ತಿಲ್ವಂತೆ?”

“ಒತ್ತುತೀನಿ. ನಿನಗ್ಯಾಕೆ ಅವಸರ?”

“ನನಗೇನಿಲ್ಲಪ್ಪ. ಐದು ಗಂಟೆ ಐದು ನಿಮಿಷಕ್ಕೆ ಒತ್ತೋಣ ಅಂತ ನನ್ನದನ್ನೂ ರೆಡಿ ಮಾಡಿಸ್ತಿದ್ದೀನಿ.”

“ಎಷ್ಟಕ್ಕೆ ನಿಂತಿದೆ?”

ಅವನು ಪರದೆಯನ್ನು ಎದೆಗವಚಿಕೊಂಡ. “ನಿಮ್ಮದೆಷ್ಟು ಮೊದಲು ಹೇಳಿ.”

“ಮೂವತ್ತನಾಲ್ಕು.”

ಅವನ ಮುಖ ಸಪ್ಪಗಾಯಿತು. ನನ್ನದು ಇಪ್ಪತ್ತೋ ಮೂವತ್ತೋ ಇರಬಹುದೆಂದು ಆಸೆಪಟ್ಟಿದ್ದನೆಂದು ಕಾಣುತ್ತದೆ.

ಕೇಂದ್ರದ ಅಧಿಕಾರಿ ಸಜ್ಜನ. ಅವರ ಮೇಜಿನ ಮೇಲಿನ ಕಂಪ್ಯೂಟರಿಗೆ ಇಸ್ತ್ರಿ ಮಾಡಿದ ಬಟ್ಟೆ ಹೊದಿಸಿತ್ತು, ಅದರ ಮೇಲೆ ಚಹಾದ ಲೋಟವಿತ್ತು. ಅವರು ನನ್ನ ಕಂಪ್ಯೂಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿಸಿ, ಅಪ್‌ಡೇಟಿಗೆ ಹಾಕಿಸಿ, ಮೂವತ್ತನಾಲ್ಕಕ್ಕೆ ನಿಂತ ಮೇಲೆ ಪುಸ್ತಕದಲ್ಲಿ ಬರೆದುಕೊಂಡು, “ಆಯ್ತು, ನಾಳೆ ಬನ್ನಿ” ಎಂದರು.

“ಏನಾಯ್ತು ಸ್ವಾಮಿ?”

“ಸೇವೆ ಆಯ್ತು ಯಜಮಾನ್ರೇ. ನಿನ್ನೆ ಒಂದೇ ದಿನ ನಾನ್ನೂರ ಹನ್ನೆರಡು ಅಪ್‌ಡೇಟ್ ಮಾಡಿದ್ದೀವಿ. ಇಲಾಖೆಯಲ್ಲೇ ನಮ್ಮ ಕೇಂದ್ರ ಮೊದಲು.”

“ಅದರಲ್ಲಿ ಮುಗಿದದ್ದೆಷ್ಟು?”

“ಮುಗಿದದ್ದನ್ನ ಎಣಿಸೋಕೆ ಹುದ್ದೆ ಮಂಜೂರಾಗಿಲ್ಲ.”

“ಆ ವರದಿಗಳನ್ನ ಅಳಿಸೋಕೆ ಒಂದು ಅನುಮತಿ ಕೊಟ್ಟರೆ ನನ್ನದು ಮುಗಿದು ಹೋಗುತ್ತೆ.”

ಅಧಿಕಾರಿಗಳು ಕನ್ನಡಕ ತೆಗೆದು ನನ್ನನ್ನು ಕರುಣೆಯಿಂದ ನೋಡಿದರು. “ಮುಗಿದು ಹೋದ್ರೆ ನಾಳೆ ನೀವು ಬರ್ತೀರಾ?”

“ಇಲ್ಲ.”

“ಅವರು ಬರ್ತಾರಾ?” ಎಂದು ಬಾಗಿಲ ಕಡೆ ಕೈತೋರಿದರು.

“ಇಲ್ಲ.”

“ಆಗ ನಮ್ಮ ನಾನ್ನೂರ ಹನ್ನೆರಡು ಎಲ್ಲಿಗೆ ಬಂತು? ವ್ಯಾಪಾರಸ್ಥರು, ನಿಮಗೆ ನಾನು ಹೇಳಿಕೊಡಬೇಕೆ?”

ಬೇಕಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಯನ್ನು ಯಾರೂ ಓಡಿಸುವುದಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ. ಸೇವೆ ಆಯಿತು. ಇಪ್ಪತ್ತೆಂಟಕ್ಕೆ ಗುಜರಿಯವನು ತಾನಾಗಿಯೇ ಬಂದು ಗೋದಾಮಿನ ಬಾಗಿಲಲ್ಲಿ ನಿಂತು, ಕಬ್ಬಿಣದ ದರ ಇಳಿದಿದೆ ಎಂದು ಕುಶಲ ವಿಚಾರಿಸಿದ. ಆ ಸಂಜೆ ಹೆಂಡತಿ ಕೇಳಿದಳು:

“ಎಲ್ಲರದ್ದೂ ಮೂವತ್ತನಾಲ್ಕಕ್ಕೇ ನಿಲ್ಲುತ್ತಾ?”

“ಎಲ್ಲರದ್ದೂ.”

“ಮತ್ತೆ ಅದನ್ನೇ ಪೂರ್ತಿ ಅಂದುಬಿಡೋಕೆ ಅವರಿಗೇನು ರೋಗ?”

ಮೂವತ್ತು ವರ್ಷ ವ್ಯಾಪಾರ ಮಾಡಿದ ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಇಪ್ಪತ್ತೊಂಬತ್ತನೇ ತಾರೀಖು ನಾನು ಕಂಪ್ಯೂಟರನ್ನು ಅಧಿಕಾರಿಗಳ ಮೇಜಿನ ಮೇಲಿಟ್ಟು, ತಗ್ಗಿದ ದನಿಯಲ್ಲಿ ಹೇಳಿದೆ:

“ಸ್ವಾಮಿ, ಅಳಿಸೋದು ಬೇಡ, ಮುಗಿಸೋದೂ ಬೇಡ. ಮೂವತ್ತನಾಲ್ಕನ್ನೇ ನೂರು ಅಂತ ಒಂದು ಸುತ್ತೋಲೆ ಹೊರಡಿಸಿ. ನಾನ್ನೂರ ಹನ್ನೆರಡಕ್ಕೆ ನಾನ್ನೂರ ಹನ್ನೆರಡೂ ಯಶಸ್ವಿ.”

“ಜನ ಬರೋದು ನಿಂತುಹೋದ್ರೆ?”

“ಯಾಕೆ ನಿಲ್ಲುತ್ತೆ? ಪೂರ್ಣ ಆಯ್ತು ಅಂತ ಸರ್ಟಿಫಿಕೇಟು ತಗೋಳೋಕೆ ಬರಲೇಬೇಕಲ್ಲ. ವರ್ಷ ವರ್ಷ ಅದನ್ನ ನವೀಕರಿಸೋಕೂ ಬರಬೇಕು.”

ಅಧಿಕಾರಿಗಳು ಚಹಾದ ಲೋಟವನ್ನು ಪಕ್ಕಕ್ಕಿಟ್ಟರು. ಕಂಪ್ಯೂಟರಿನ ಮೇಲಿನ ಬಟ್ಟೆಯನ್ನು ಸ್ವಲ್ಪ ಸರಿಸಿದರು, ಮತ್ತೆ ಮುಚ್ಚಿದರು. “ನಿಮ್ಮಂಥವರು ಇಲಾಖೆಯಲ್ಲಿರಬೇಕಿತ್ತು” ಎಂದರು. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವನ್ನು ನಾನು ಕೇಳಿಲ್ಲ, ಆದರೆ ಕೈಮುಗಿದೆ.

ಮೂವತ್ತನೇ ತಾರೀಖು ಮಧ್ಯಾಹ್ನ ಮೂರಕ್ಕೆ ಸುತ್ತೋಲೆಯನ್ನು ಬಾಗಿಲಿಗೆ ಅಂಟಿಸಿದರು:

‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಲಾಖೆಯ ತಂತ್ರಾಂಶದಲ್ಲಿ ಯಾವುದೇ ಕಾರ್ಯವು ಶೇಕಡಾ ಮೂವತ್ತನಾಲ್ಕನ್ನು ತಲುಪಿದ ಕೂಡಲೇ ಸದರಿ ಕಾರ್ಯವು ಪೂರ್ಣಗೊಂಡಿದೆ ಎಂದು ಭಾವಿಸತಕ್ಕದ್ದು. ಉಳಿದ ಶೇಕಡಾ ಅರವತ್ತಾರನ್ನು ಯಾರೂ ನಿರೀಕ್ಷಿಸತಕ್ಕದ್ದಲ್ಲ. ನಿರೀಕ್ಷಿಸಿದ್ದು ಕಂಡುಬಂದಲ್ಲಿ ಅಂಥವರ ಮೇಲೆ ಕ್ರಮ ಜರುಗಿಸಲಾಗುವುದು.’

ಜನ ಚಪ್ಪಾಳೆ ತಟ್ಟಿದರು. ಕೇಂದ್ರದ ಪ್ಲಗ್ಗಿಗೇ ಚುಚ್ಚಿದ್ದ ನನ್ನ ಕಂಪ್ಯೂಟರ್ ಮೂವತ್ತನಾಲ್ಕಕ್ಕೆ ಬಂದು, ಸುತ್ತೋಲೆಯಂತೆ ಒಪ್ಪಂದದ ಪುಟ ತೆರೆಯಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ‘ಒಪ್ಪಿದೆ’ ಒತ್ತಿದೆ. ನಾನು ಒತ್ತುವುದಕ್ಕೆ ಮುಂಚೆ ಕಟ್ಟಡದ ಕೆಳಗಿನ ಮುಖ್ಯ ವಿದ್ಯುತ್ ಗುಂಡಿಯನ್ನೇ ಆರಿಸಿಬಿಡಬೇಕೆಂದು ಷಡ್ಡಕ ಪರದೆ ಎತ್ತಿಕೊಂಡೇ ಮೆಟ್ಟಿಲಿಳಿದು ಓಡಿದನಂತೆ. ಎರಡನೇ ಮಹಡಿಯ ತಿರುವಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ. ಪರದೆಗೆ ಏನೂ ಆಗಲಿಲ್ಲ. ಅವನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಮಂಚ ಇನ್ನೂ ಬಂದಿರದ ಕಾರಣ ನೆಲದ ಮೇಲೆ ಮಲಗಿಸಿದರು.

ಮಾಲು ಸಾಗಿಸಲು ತಡಮಾಡಲಿಲ್ಲ. ಲಾರಿಗೆ ನೂರ ಎರಡು ಮಂಚದಂತೆ ಮೂರು ಲಾರಿ ಹೋಗಿ ಇಳಿಸಿದವು. ನಾಲ್ಕನೇ ಲಾರಿಯನ್ನು ಆಸ್ಪತ್ರೆಯ ಉಗ್ರಾಣದವನು ಗೇಟಿನಲ್ಲೇ ತಡೆದ.

“ಆರ್ಡರು ಪೂರ್ತಿ ಆಗಿದೆ. ಇದ್ಯಾವ ಮಾಲು?”

“ಆರ್ಡರು ಒಂಬೈನೂರು. ಇಳಿದದ್ದು ಮುನ್ನೂರ ಆರು.”

ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಹಸಿರು ಅಕ್ಷರದಲ್ಲಿ ‘ಸರಬರಾಜು ಪೂರ್ಣಗೊಂಡಿದೆ’ ಎಂದಿತ್ತು. “ನೋಡಿ, ಮುನ್ನೂರ ಆರು, ಅಂದ್ರೆ ಶೇಕಡಾ ಮೂವತ್ತನಾಲ್ಕು ಹೊಡೆದ ತಕ್ಷಣ ಮುಚ್ಚಿಕೊಂಡು ಹೋಗಿದೆ. ಬಿಲ್ಲೂ ಒಂಬೈನೂರಕ್ಕೆ ಪಾಸಾಗಿದೆ. ನೀವು ಇನ್ನೂ ಇಳಿಸಿದ್ರೆ ಹೆಚ್ಚುವರಿ ಮಾಲು ತುರುಕಿದ್ದಕ್ಕೆ ನಾನು ವಿವರಣೆ ಬರೀಬೇಕು. ನನಗೂ ಹೆಂಡ್ತಿ ಮಕ್ಕಳಿದ್ದಾರೆ ಸಾರ್.”

ಅವನ ಹೆಂಡತಿ ಮಕ್ಕಳ ಮುಖ ನೋಡಿ ಲಾರಿ ವಾಪಸು ತಂದೆ.

ಹಸಿರು ಅಕ್ಷರವನ್ನು ಕಂಡು ಆಸ್ಪತ್ರೆಯ ಮುಖ್ಯ ವೈದ್ಯರೂ ಒಂಬೈನೂರು ರೋಗಿಗಳನ್ನು ಸೇರಿಸಿಕೊಂಡಿದ್ದರು. ಐನೂರ ತೊಂಬತ್ತನಾಲ್ಕು ಜನ ನೆಲದಲ್ಲಿದ್ದರು. ಮಂಚ ಎಲ್ಲಿ ಎಂದು ವೈದ್ಯರು ಇಲಾಖೆಗೆ ಬರೆದರು. ತಾವು ನಿರೀಕ್ಷಿಸುತ್ತಿರುವುದು ಕಂಡುಬಂದಿದೆ, ಕ್ರಮ ಯಾಕೆ ಜರುಗಿಸಬಾರದು ಎಂದು ಇಲಾಖೆ ಮರುಟಪಾಲಿನಲ್ಲಿ ಕೇಳಿತು. ವೈದ್ಯರು ಒಂದು ರಾತ್ರಿ ಯೋಚಿಸಿ ದಾರಿಗೆ ಬಂದರು. ರೋಗಿಗಳ ದಾಖಲೆಯೂ ಅದೇ ಇಲಾಖೆಯ ತಂತ್ರಾಂಶದಲ್ಲೇ ಇತ್ತು. ಬೆಳಿಗ್ಗೆ ವಾರ್ಡುಗಳಲ್ಲಿ ಪ್ರಕಟಣೆ ಬಿತ್ತು: ‘ಶೇಕಡಾ ಮೂವತ್ತನಾಲ್ಕರಷ್ಟು ಗುಣಮುಖರಾದವರನ್ನು ಪೂರ್ಣ ಗುಣಮುಖರೆಂದು ಭಾವಿಸಿ ಬಿಡುಗಡೆ ಮಾಡತಕ್ಕದ್ದು.’

ಷಡ್ಡಕನನ್ನು ನೋಡಲು ಹೋದಾಗ ಅವನು ಕಾಲಿನ ಪಟ್ಟಿಯ ಸಮೇತ ಗೇಟಿನ ಬಳಿ ಒಂಟಿಗಾಲಲ್ಲಿ ನಿಂತಿದ್ದ. ಕೈಯಲ್ಲಿ ಸರ್ಟಿಫಿಕೇಟಿತ್ತು.

“ಹೇಗಿದ್ದೀಯೋ?”

“ಪೂರ್ತಿ ಗುಣ ಆಗಿದೆಯಂತೆ ಅಣ್ಣಾ.”

“ನೋವು?”

“ಇದೆ. ಅದು ಉಳಿದ ಅರವತ್ತಾರರಲ್ಲಿ ಬರುತ್ತಂತೆ. ಕೇಳಬಾರದಂತೆ.” ಸರ್ಟಿಫಿಕೇಟನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡ. “ಒಂದು ಮಾತು. ಮನೇಲಿ ಕೆಳಗೆ ಮಲಗಿದ್ರೆ ಏಳೋಕಾಗಲ್ಲ. ಎತ್ತರದ್ದೊಂದು ಮಂಚ ಇದ್ರೆ...”

ಅವನ ಹಿಂದೆ ಪೂರ್ಣ ಗುಣಮುಖರು ಗೋಡೆ ಹಿಡಿದು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಸಾಲಾಗಿ ಹೊರಬರುತ್ತಿದ್ದರು. ಗಾಳಿ ಬಂದಾಗ ತೂರಿಕೊಳ್ಳದವನು ಅಂಗಡಿ ಇಡಬಾರದು. ಮಧ್ಯಾಹ್ನದೊಳಗೆ ಎರಡು ಲಾರಿಯನ್ನು ಗೇಟಿನ ಎದುರೇ ನಿಲ್ಲಿಸಿದೆ. ತಲೆಯ ಕಡೆಯ ಮೊಹರನ್ನು ಉಜ್ಜಿ ತೆಗೆಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೇ ಮಲಗಿದ್ದೇವೆಂಬ ಧೈರ್ಯ ಕೊಂಡವರಿಗೆ ಇರಲಿ ಎಂದು ಹಾಗೇ ಬಿಟ್ಟೆ. ಯಾರೂ ದೂರಲಿಲ್ಲ. ಮುಖ್ಯ ವೈದ್ಯರು ಬಂದು, ಆಸ್ಪತ್ರೆ ಎಂದೂ ಇಷ್ಟು ಖಾಲಿ ಇರಲಿಲ್ಲ ಎಂದು ಕೈಕುಲುಕಿದರು. ನೆರವು ಕೇಂದ್ರದ ಅಧಿಕಾರಿಗೆ ಬಡ್ತಿಯಾಯಿತು. ಅವರ ಬೀಳ್ಕೊಡುಗೆಯಲ್ಲಿ ಓದಿದ ಅಭಿನಂದನಾ ಪತ್ರದ ಮೂರನೇ ಒಂದು ಭಾಗ ಮುಗಿದ ಕೂಡಲೇ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿ ಮನೆಗೆ ಹೋದರು.

ಹದಿನೈದು ದಿನಕ್ಕೆ ಗೋದಾಮು ಬರಿದಾಯಿತು. ನೆಲ ಗುಡಿಸಿ, ಬಾಗಿಲು ಹಾಕಿ, ಲೆಕ್ಕ ನೋಡಿದೆ. ಮಾಡಿಸಿದ ಮಂಚ ಒಂಬೈನೂರು. ಆಸ್ಪತ್ರೆಗೆ ಇಳಿದದ್ದು ಮುನ್ನೂರ ಆರು. ಗೇಟಿನ ಎದುರು ಮಾರಿದ್ದು ಐನೂರ ತೊಂಬತ್ತನಾಲ್ಕು, ಅದರಲ್ಲೊಂದು ಷಡ್ಡಕನಿಗೆ, ನೆಂಟಸ್ತಿಕೆ ನೋಡಿ ಸಾಗಣೆ ಖರ್ಚು ಬಿಟ್ಟೆ. ಹಣ ಬಂದದ್ದು ಸಾವಿರದ ನಾನ್ನೂರ ತೊಂಬತ್ತನಾಲ್ಕು ಮಂಚಕ್ಕೆ.